ನಾನು ಹಿಡಿದ ಎರಡು ಮೂಲೆ

ಅತ್ತಿಗೆ, ನಾದಿನಿ ಒಂದೇ ಸೂರಿನಡಿ ಹದಿನಾರು ವರ್ಷ ಜಗಳವಿಲ್ಲದೆ ಬಾಳಿದರು ಎಂದರೆ ಯಾರೂ ನಂಬುವುದಿಲ್ಲ. ನಂಬಲೂ ಬೇಡಿ, ನಾವು ಜಗಳವಾಡಿಕೊಂಡೇ ಬಾಳಿದವರು. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆಗೆ ನಾನು, ನನಗೆ ಅತ್ತಿಗೆ. ಎರಡೇ ಕೋಣೆಯ ಮನೆ. ಮುಂದಿನದರಲ್ಲಿ ನನ್ನ ಹೊಲಿಗೆ ಮಷೀನು, ಹಿಂದಿನದರಲ್ಲಿ ಒಲೆ, ಹಾಸಿಗೆ, ಉಳಿದದ್ದೆಲ್ಲ. ಜಗಳಕ್ಕೆ ಕಾರಣವೂ ಒಂದೇ, ಅವಳ ಅಚ್ಚುಕಟ್ಟು. ನಾನು ಮಡಿಸಿಟ್ಟ ಟವೆಲನ್ನು ಬಿಚ್ಚಿ, ಅಂಚಿಗೆ ಅಂಚು ಕೂಡಿಸಿ, ಮತ್ತೆ ಮಡಿಸಿಟ್ಟರೇ ಅವಳಿಗೆ ಸಮಾಧಾನ. “ನಾನು ಸತ್ರೆ ನನ್ನನ್ನೂ ನಾಲ್ಕು ಮಡಿಕೆ ಮಾಡಿ ಕಪಾಟಲ್ಲಿಟ್ಬಿಡು” ಎಂದು ರೇಗಿಸುತ್ತಿದ್ದೆ. “ನೀನೆಲ್ಲಿ ಮಡಿಕೆಗೆ ನಿಲ್ತೀಯೇ, ಕಾಟನ್ನಿಗಿಂತ ಕಡೆ” ಎನ್ನುತ್ತಿದ್ದಳು.

ಅವಳ ಹೊಟ್ಟೆಪಾಡೇ ಮಡಿಸುವುದು. ಊರಿನ ಆಸ್ಪತ್ರೆಗಳ ಶೀಟುಗಳನ್ನೆಲ್ಲ ತೊಳೆಯುವ ಒಂದು ದೊಡ್ಡ ಲಾಂಡ್ರಿಯಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದಳು. ಆಳೆತ್ತರದ ಒಗೆಯುವ ಡ್ರಮ್ಮುಗಳಿಂದ ಒದ್ದೆ ಶೀಟುಗಳನ್ನು ಎಳೆದು ಗಾಡಿಗೆ ಹಾಕಬೇಕು, ಬಿಸಿ ರೋಲರಿಗೆ ಕೊಡಬೇಕು, ಆ ಕಡೆಯಿಂದ ಇಸ್ತ್ರಿಯಾಗಿ ಬಂದದ್ದನ್ನು ಇಬ್ಬರು ಎದುರುಬದುರು ನಿಂತು ಮಡಿಸಬೇಕು. ಹೊಸಬರು ಸೇರಿದರೆ ಮೇಸ್ತ್ರಿ ಮೊದಲು ಅವರನ್ನು ಅತ್ತಿಗೆಯ ಮುಂದೆ ನಿಲ್ಲಿಸಿ, “ಅರ್ಧ ಗಂಟೆ ಸುಮ್ಮನೆ ನೋಡಿ” ಎನ್ನುತ್ತಿದ್ದನಂತೆ. ಇಸ್ತ್ರಿಯಕ್ಕ ಎಂದೇ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು. ಅಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು: ತೊಳೆದ ಶೀಟು ನೆಲ ಮುಟ್ಟಬಾರದು. ಒಂದು ಮೂಲೆ ಮುಟ್ಟಿದರೂ ಇಡೀ ಶೀಟು ಮತ್ತೆ ಡ್ರಮ್ಮಿಗೆ. ತನ್ನ ಕೈಯಿಂದ ಒಂದೂ ಹಾಗೆ ವಾಪಸ್ಸು ಹೋಗಲಿಲ್ಲ ಎಂದು ಅತ್ತಿಗೆ ಮನೆಯಲ್ಲಿ ಹೇಳಿಕೊಳ್ಳುತ್ತಿದ್ದಳು. ಬೇರೆ ಯಾವ ವಿಷಯಕ್ಕೂ ಅವಳು ಜಂಬಪಟ್ಟದ್ದು ನನಗೆ ನೆನಪಿಲ್ಲ.

ಒಂದು ಮಧ್ಯಾಹ್ನ ಡ್ರಮ್ಮಿನೊಳಗೆ ಒದ್ದೆ ಶೀಟುಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು. ಕಾಲೂರಿ ಎಳೆದಳು. ಗಂಟು ಬಿಡಲಿಲ್ಲ. ಇನ್ನೊಮ್ಮೆ ಎಳೆದಾಗ ಬಲಭುಜದಲ್ಲಿ ಟಪ್ ಅಂದಿತು. ಬೇರೆ ಯಾರೇ ಆಗಿದ್ದರೂ ಅಲ್ಲೇ ಕುಸಿದು ಕೂರುತ್ತಿದ್ದರು. ನಮ್ಮ ಮಹಾರಾಣಿ ಎಡಗೈಯಲ್ಲಿ ಉಳಿದ ನಲವತ್ತು ಶೀಟು ಮುಗಿಸಿ ಮನೆಗೆ ಬಂದಳು. “ಒಂಚೂರು ಉಳುಕಿದೆ ಅಷ್ಟೆ” ಎಂದಳು. ಮರುದಿನ ಬೆಳಿಗ್ಗೆ ತಲೆ ಬಾಚಿಕೊಳ್ಳಲು ಕೈ ಎತ್ತಿದವಳು ಬಾಚಣಿಗೆ ಬೀಳಿಸಿ ಗೋಡೆ ಹಿಡಿದುಕೊಂಡಳು. ಅವತ್ತಿನಿಂದ ಅವಳ ತಲೆ ನಾನೇ ಬಾಚುತ್ತಿದ್ದೇನೆ.

ಕೆಲಸದಲ್ಲಿ ಪೆಟ್ಟಾದರೆ ಕಂಪನಿಯ ಡಾಕ್ಟರೇ ನೋಡಬೇಕು, ಅದು ಕಾನೂನು. ಆ ಡಾಕ್ಟರು ಒಳ್ಳೆಯ ಮಾತಿನವರು, ಅದೇ ಮುಳುವಾಯಿತು. “ಹೇಗಿದೀರಮ್ಮ?” ಎಂದು ಅವರು ಕೇಳುವುದು, “ಪರವಾಗಿಲ್ಲ ಸಾರ್” ಎಂದು ಇವಳು ಹೇಳುವುದು. ದೊಡ್ಡವರು ವಿಚಾರಿಸಿದಾಗ ನರಳುತ್ತಾ ಕೂರುವುದು ಮರ್ಯಾದೆಯಲ್ಲ ಎಂದು ಇವಳ ಲೆಕ್ಕ. ಕೈ ಎತ್ತಿ ನೋಡೋಣ ಅಂದರು. ಬೆಳಿಗ್ಗೆಯೇ ನೋವಿನ ಮಾತ್ರೆ ನುಂಗಿ ಹೋಗಿದ್ದವಳು ಹಲ್ಲು ಕಚ್ಚಿ ಎತ್ತಿದಳು. “ಇನ್ನೂ ಸ್ವಲ್ಪ... ಭೇಷ್” ಅಂದರು. ಇನ್ನೂ ಸ್ವಲ್ಪ ಎತ್ತಿದಳು. ಎರಡು ತಿಂಗಳಲ್ಲಿ ಒಂಬತ್ತು ಸಲ ಹೋದಳು, ಒಂಬತ್ತು ಸಲವೂ ಇದೇ ಕಥೆ. ಕೊನೆಗೆ ಡಾಕ್ಟರು ‘ಕೈ ಪೂರ್ತಿ ಏಳುತ್ತದೆ, ವಯಸ್ಸಿನ ಸವೆತ, ಕೆಲಸಕ್ಕೆ ಯೋಗ್ಯ’ ಎಂದು ಬರೆದು ಸಹಿ ಹಾಕಿದರು.

“ನೀನೇನು ಅಲ್ಲಿಗೆ ಬಹುಮಾನ ತಗೊಳ್ಳೋಕೆ ಹೋಗಿದ್ಯಾ?” ಎಂದು ನಾನು ಕೂಗಾಡಿದೆ.

“ಡಾಕ್ಟರ ಮುಂದೆ ಕೆಲಸಗಳ್ಳಿ ಅನ್ನಿಸ್ಕೊಳ್ಳಲಾ? ಅವರು ಎತ್ತು ಅಂದ್ರು, ಎತ್ತಿದೆ” ಎಂದಳು.

ನಾನೇ ಹಟ ಹಿಡಿದು ಹೊರಗಿನ ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಇವರು ಸಿಡುಕರು. ಮಾತೇ ಆಡದೆ ಸ್ಕ್ಯಾನ್ ಮಾಡಿಸಿದರು. ಭುಜದೊಳಗಿನ ಸ್ನಾಯು ಹರಿದಿದೆ, ಆಪರೇಷನ್ ಮಾಡಿ ಹೊಲಿಯಬೇಕು, ಪೆಟ್ಟಾದ ಮೂರು ತಿಂಗಳೊಳಗೆ ಆಗಬೇಕು ಎಂದರು. ತಡವಾದರೆ ಸ್ನಾಯು ಒಳಗೆ ಸರಿದು ಸೊರಗುತ್ತದೆಯಂತೆ, ಆಮೇಲೆ ಹೊಲಿಗೆ ನಿಲ್ಲುವುದಿಲ್ಲವಂತೆ. ಹೊಲಿಯುವವಳಾದ ನನಗೆ ಅದನ್ನು ಎರಡನೇ ಸಲ ಹೇಳಬೇಕಾಗಲಿಲ್ಲ. ಪಿಸಿದ ಬಟ್ಟೆಗೆ ಸೂಜಿ ಹಾಕಿದರೆ ಸೂಜಿಯೇ ಬಟ್ಟೆಯನ್ನು ಹರಿಯುತ್ತದೆ. ಖರ್ಚು ನಮ್ಮ ಕೈಗೆ ಎಟುಕುವಂಥದ್ದಲ್ಲ, ಕಂಪನಿಯೇ ಮಾಡಿಸಬೇಕು. ಕಂಪನಿ ತನ್ನ ಡಾಕ್ಟರ ಕಾಗದ ತೋರಿಸಿ ಆಗುವುದಿಲ್ಲ ಎಂದಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಕಾರ್ಮಿಕ ಇಲಾಖೆಗೆ ಮೇಲ್ಮನವಿ ಹಾಕಿದೆವು.

ನಮ್ಮ ಪರ ನಿಂತವನು ಯೂನಿಯನ್ನಿನ ಗುಮಾಸ್ತ. ಸದಾ ಕಂಕುಳಲ್ಲಿ ಕಾಗದದ ಕಟ್ಟು ಇರುತ್ತಿದ್ದದ್ದರಿಂದ ನಾನು ಅವನಿಗೆ ಫೈಲಣ್ಣ ಎಂದು ಹೆಸರಿಟ್ಟಿದ್ದೆ. ವಿಚಾರಣೆಯ ದಿನ ಗೊತ್ತಾದಾಗ ಮೂರು ತಿಂಗಳಲ್ಲಿ ಹದಿನೈದು ದಿನ ಉಳಿದಿತ್ತು. “ಆರ್ಡರ್ ನಮ್ಮ ಕಡೆ ಆದ್ರೆ ಮಾರನೇ ದಿನವೇ ಆಸ್ಪತ್ರೆಗೆ ಸೇರಿಸ್ಬೋದು. ಸ್ಕ್ಯಾನ್ ಇದೆಯಲ್ಲ, ಧೈರ್ಯವಾಗಿರಿ. ಆದ್ರೆ ಅಕ್ಕ, ನಟನೆ ಬೇಡ, ಬಿಗುಮಾನನೂ ಬೇಡ. ನೋವು ಎಷ್ಟಿದೆಯೋ ಅಷ್ಟೇ ಹೇಳಿ” ಎಂದ. ಮನೆಯಲ್ಲಿ ನಾನೇ ಅಧಿಕಾರಿಯಾಗಿ ಮಷೀನಿನ ಹಿಂದೆ ಕೂತು ಅವಳನ್ನು ತಯಾರು ಮಾಡಿದೆ.

“ಏನಮ್ಮಾ, ಹೇಗಿದೆ ಭುಜ?”

“ಪರವಾಗಿ—”

“ಅತ್ತಿಗೇ!”

“ನೋವಿದೆ ಮೇಡಂ. ಭುಜದಿಂದ ಮೇಲಕ್ಕೆ ಎತ್ತೋಕಾಗಲ್ಲ. ರಾತ್ರಿ ಆ ಮಗ್ಗುಲಿಗೆ ಮಲಗೋಕಾಗಲ್ಲ.”

ಹತ್ತು ಸಲ ಹೇಳಿಸಿದ ಮೇಲೆ ಬಾಯಿಗೆ ಕೂತಿತು. ನಾನು ಬಾಯಿಯನ್ನು ಮಾತ್ರ ತಯಾರು ಮಾಡಿದ್ದೆ.

ವಿಚಾರಣೆಯ ಕೋಣೆ ಮೂರನೇ ಮಹಡಿಯಲ್ಲಿತ್ತು. ಉದ್ದನೆಯ ಮೇಜಿನ ಆ ಕಡೆ ಕನ್ನಡಕದ ಅಧಿಕಾರಿ, ನಮ್ಮ ವಯಸ್ಸಿನ ಹೆಂಗಸು. ಎಡಗಡೆ ಕಂಪನಿಯ ವಕೀಲ, ಬಲಗಡೆ ನಾವು ಮೂವರು. ಬಸ್ಸಿನ ಕುಲುಕಾಟ ತಡೆಯಲೆಂದು ಅತ್ತಿಗೆ ಎರಡು ನೋವಿನ ಮಾತ್ರೆ ನುಂಗಿದ್ದಳು. ಕೇಳಿದ್ದಕ್ಕೆಲ್ಲ ಕಲಿಸಿದಂತೆಯೇ ಉತ್ತರ ಕೊಟ್ಟಳು, ಒಂದು ‘ಪರವಾಗಿಲ್ಲ’ವೂ ಬೀಳಲಿಲ್ಲ. ಅಧಿಕಾರಿ ಸ್ಕ್ಯಾನಿನ ವರದಿ ಓದಿ ವಕೀಲನ ಕಡೆ ತಿರುಗಿ, “ಹರಿದಿದೆ ಅಂತ ಸ್ಪಷ್ಟವಾಗಿ ಇದೆಯಲ್ರೀ?” ಎಂದರು. ಫೈಲಣ್ಣ ಮೇಜಿನ ಕೆಳಗೆ ನನ್ನ ಕಾಲು ತುಳಿದ. ನಾನು ಆಗಲೇ ಆಪರೇಷನ್ನಿಗೆ ಯಾವ ಚೀಲ ಒಯ್ಯಬೇಕು ಎಂದು ಯೋಚಿಸತೊಡಗಿದೆ.

ವಕೀಲ ಎದ್ದು ಚೀಲದಿಂದ ಒಂದು ಬಿಳಿ ಶೀಟು ತೆಗೆದ. ಅವಳು ದಿನವೂ ಮಡಿಸುತ್ತಿದ್ದಂಥದ್ದೇ. “ಮೇಡಂ, ಇದರ ತೂಕ ನೋಡಿ. ಇಂಥದ್ದನ್ನ ಎತ್ತಿ ಯಾರ ಭುಜವಾದರೂ ಹರಿಯುತ್ತಾ?” ಎಂದು ಕೊಡವಿ ಬಿಡಿಸಿದ. ಒದ್ದೆಯಾದ ಹದಿನೈದು ಶೀಟು ಹೆಣೆದುಕೊಂಡರೆ ತೂಕವೆಷ್ಟು ಎಂದು ಕೇಳಬೇಕಾಗಿದ್ದ ಫೈಲಣ್ಣ, ಆ ಕಾಗದ ಹುಡುಕುತ್ತಾ ಕಟ್ಟಿನೊಳಗೆ ತಲೆ ತೂರಿಸಿದ್ದ.

ಶೀಟಿನ ಒಂದು ಮೂಲೆ ಜಾರಿ ನೆಲ ಮುಟ್ಟಿತು.

ಪಕ್ಕದಲ್ಲಿ ಅತ್ತಿಗೆ ಮಿಸುಕಾಡಿದಳು. “ಸಾರ್, ನೆಲಕ್ಕೆ ತಾಗ್ತಿದೆ.”

“ಇರಲಿ ಬಿಡೀಮ್ಮ” ಎಂದು ವಕೀಲ ಅದನ್ನು ಮಡಿಸಲು ಹೊರಟ. ಮಡಿಸಲು ಬಂದರೆ ತಾನೇ? ಗಲ್ಲದ ಕೆಳಗೆ ಒತ್ತಿ ಹಿಡಿದ, ಮೇಜಿನ ಮೇಲೆ ಸುತ್ತಿದ, ಇನ್ನೆರಡು ಮೂಲೆಯೂ ನೆಲಕ್ಕೆ ಬಿತ್ತು, ಅದರ ಮೇಲೆ ಅವನ ಬೂಟು. ಬೇಕೆಂದೇ ಮಾಡಿದನೋ, ಬಾರದೆ ಮಾಡಿದನೋ ನನಗೆ ಇವತ್ತಿಗೂ ಗೊತ್ತಿಲ್ಲ. ಅತ್ತಿಗೆಗೆ ತಡೆಯಲಾಗಲಿಲ್ಲ. ಎದ್ದು ಹೋಗಿ, “ಕೊಡಿ ಸಾರ್ ಇಲ್ಲಿ” ಎಂದು ಶೀಟು ತೆಗೆದುಕೊಂಡಳು. ನನ್ನ ಕಡೆ ತಿರುಗಿ, “ಹಿಡಿಯೇ” ಎಂದಳು.

ನಾನು ಹಿಡಿದೆ.

ಇಡೀ ಬೀದಿಯಲ್ಲಿ ನನ್ನಷ್ಟು ಬಾಯಿ ಯಾರಿಗೂ ಇಲ್ಲ. ಆ ಬಾಯಿ ಅವತ್ತು ‘ಬೇಡ’ ಎನ್ನಲಿಲ್ಲ. ಮನೆಯ ಶೀಟು ಮಡಿಸಿದ ಹದಿನಾರು ವರ್ಷದ ಭಾನುವಾರಗಳು, ಅವಳು ‘ಹಿಡಿಯೇ’ ಅಂದಾಗಲೆಲ್ಲ ಕೈ ತಾನಾಗಿ ಎರಡು ಮೂಲೆ ಹಿಡಿದು ಹಿಂದಕ್ಕೆ ಸರಿದಿತ್ತು, ಅವತ್ತೂ ಹಾಗೇ ಸರಿಯಿತು. ಅವಳು ಎರಡೂ ಕೈ ತಲೆಯ ಮೇಲಕ್ಕೆ ಎತ್ತಿ ಶೀಟನ್ನು ಫಟ್ ಎಂದು ಕೊಡವಿದಳು. ತುಟಿ ಬಿಳಿಚಿದ್ದು ಎದುರು ನಿಂತ ನನಗೊಬ್ಬಳಿಗೇ ಗೊತ್ತು. ಅಂಚಿಗೆ ಅಂಚು ಕೂಡಿಸಿದೆವು, ಇನ್ನೊಮ್ಮೆ ಕೂಡಿಸಿದೆವು. ದಿಂಬಿನಷ್ಟಾದ ಮೇಲೆ ಅಂಗೈಯಿಂದ ಸವರಿ ಮೇಜಿನ ಮೇಲಿಟ್ಟಳು. “ತಗೊಳ್ಳಿ ಸಾರ್. ಇದನ್ನ ಮತ್ತೆ ತೊಳೀಬೇಕಾಗುತ್ತೆ.”

ಫೈಲಣ್ಣ ತಲೆ ಎತ್ತಿದಾಗ ಎಲ್ಲ ಮುಗಿದಿತ್ತು. “ಅಕ್ಕಾ...” ಎಂದಷ್ಟೇ ಅಂದ.

ವಕೀಲ ನಗಲಿಲ್ಲ. ನಕ್ಕಿದ್ದರೆ ಬೈಯಲಿಕ್ಕಾದರೂ ಆಗುತ್ತಿತ್ತು. ತಲೆ ತಗ್ಗಿಸಿ, “ಈಗ ನೋಡಿದ್ದನ್ನ ದಾಖಲೆ ಮಾಡ್ಕೋಬೇಕು ಅಂತ ಕೋರ್ತೀನಿ, ಮೇಡಂ” ಎಂದ.

ಆಗ ಬಂತು ನನ್ನ ಬಾಯಿಗೆ ಜೀವ. “ಮೇಡಂ, ಅವಳಿಗೆ ತಲೆ ಬಾಚ್ಕೊಳ್ಳೋಕೂ ಆಗಲ್ಲ! ದಿನಾ ನಾನು ಬಾಚ್ತೀನಿ! ಮಾತ್ರೆ ನುಂಗಿ ಬಂದಿದಾಳೆ!”

“ನಿಮ್ಮ ಹೆಸರು ಸಾಕ್ಷಿಗಳ ಪಟ್ಟಿಯಲ್ಲಿದೆಯಾ?”

“ಇಲ್ಲ, ಆದ್ರೆ—”

“ಕೂತ್ಕೊಳ್ಳಿ.” ಆಕೆ ಕೆಟ್ಟ ಹೆಂಗಸಲ್ಲ. ಹಾಗೆ ಹೇಳುವಾಗ ನನ್ನ ಮುಖ ನೋಡಲಿಲ್ಲ. ಕೂತುಕೊಂಡೆ. ಕೋಲು ಕೊಟ್ಟು ಹೊಡೆಸಿಕೊಂಡವರ ಹಾಗೆ ಇಬ್ಬರೂ ಅಕ್ಕಪಕ್ಕ ಕೂತಿದ್ದೆವು.

ಎರಡನೇ ಮಹಡಿಯ ಮೆಟ್ಟಿಲಿಗೆ ಬಂದ ಅತ್ತಿಗೆ ಮುಂದೆ ಇಳಿಯಲಿಲ್ಲ. ಮೆಟ್ಟಿಲ ಮೇಲೆಯೇ ಕೂತಳು. ಬಲಗೈ ಜೋಲಾಡುತ್ತಿತ್ತು, ಮುಖವೆಲ್ಲ ಬೆವರು. ಮಾಡಿದ್ದೇನೆಂದು ಅವಳಿಗೆ ಹೊಳೆದಿರಬಹುದು ಎಂದುಕೊಂಡೆ. ಅವಳು ಉಸಿರು ಹಿಡಿದು ಕೇಳಿದ್ದು ಬೇರೆ.

“ಅಂಚು ಸರಿಯಾಗಿ ಕೂಡ್ತಲ್ವೇನೇ?”

ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು, ತಬ್ಬಿಕೊಂಡು ಅಳಬೇಕು ಅನ್ನಿಸಿತು. ಎರಡೂ ಮಾಡಲಿಲ್ಲ. “ಕೂಡ್ತು” ಎಂದೆ.

ಹನ್ನೆರಡನೇ ದಿನ ಆದೇಶ ಬಂತು. ಎರಡು ಪುಟ. ಸ್ಕ್ಯಾನಿಗೆ ಒಂದು ಸಾಲು, ಡಾಕ್ಟರ ಒಂಬತ್ತು ಭೇಟಿಗಳಿಗೆ ನಾಲ್ಕು ಸಾಲು. ಕೊನೆಯಲ್ಲಿ: ‘ಅರ್ಜಿದಾರಳು ವಿಚಾರಣೆಯ ಸಮಯದಲ್ಲಿ ಯಾರ ಒತ್ತಾಯವೂ ಇಲ್ಲದೆ, ತನ್ನ ಜೊತೆ ಬಂದವರೊಬ್ಬರ ಸಹಾಯದಿಂದ, ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಎತ್ತಿ ಶೀಟನ್ನು ಮಡಿಸಿದ್ದು ಕಣ್ಣಾರೆ ಕಂಡುಬಂದಿರುತ್ತದೆ. ಮನವಿಯನ್ನು ವಜಾ ಮಾಡಲಾಗಿದೆ.’ ಜೊತೆ ಬಂದವರೊಬ್ಬರು. ಸಾಕ್ಷಿಯ ಪಟ್ಟಿಯಲ್ಲಿ ಜಾಗವಿಲ್ಲದ ನನಗೆ ಅಲ್ಲಿ ಜಾಗ ಸಿಕ್ಕಿತ್ತು.

ಇನ್ನೂ ಮೇಲೆ ಹೋಗಬಹುದು ಎಂದ ಫೈಲಣ್ಣ. ಅಲ್ಲಿ ಕಾಗದ ಮಾತ್ರ ನೋಡುತ್ತಾರೆ, ಹೊಸದಾಗಿ ಏನೂ ಹೇಳುವಂತಿಲ್ಲ, ಎಂಟು ತಿಂಗಳಾದರೂ ಹಿಡಿಯುತ್ತದೆ ಎಂದ. ಸಿಡುಕು ಡಾಕ್ಟರನ್ನು ಕೇಳಿದೆ. “ಎಂಟು ತಿಂಗಳಾದ್ಮೇಲೆ ಬಂದು ಏನ್ ಮಾಡ್ತೀರಿ? ಹೊಲಿಯೋಕೆ ಅಲ್ಲಿ ಏನೂ ಉಳಿದಿರಲ್ಲ” ಎಂದರು. ಆದರೂ ಅರ್ಜಿ ಹಾಕಿದೆವು. ಹಾಕದೆ ಸುಮ್ಮನೆ ಕೂರಲು ನನ್ನಿಂದ ಆಗಲಿಲ್ಲ. ಆದೇಶ ಓದಿ ಹೇಳಿದಾಗ ನಾನು ಅವರ ವಂಶವನ್ನೆಲ್ಲ ಬೈದೆ. ಅತ್ತಿಗೆ ಮಾತ್ರ ಮೆಲ್ಲಗೆ, “ಸುಳ್ಳೇನೂ ಬರೆದಿಲ್ವಲ್ಲೇ ಅವರು” ಎಂದಳು.

ಆ ಮೂರು ತಿಂಗಳು ಮುಗಿದು ಈಗ ಆರು ತಿಂಗಳಾಯಿತು. ಲಾಂಡ್ರಿಯವರು ಅವಳನ್ನು ಟವೆಲು ಎಣಿಸಲು ಕೂರಿಸಿ, ಆಮೇಲೆ ಅದಕ್ಕೂ ಬೇಡವೆಂದರು. ಮೊನ್ನೆ ಭಾನುವಾರ ನಮ್ಮ ಹಾಸಿಗೆಯ ಶೀಟು ಒಗೆದು ಒಣಗಿಸಿದ್ದೆ. ಒಬ್ಬಳೇ ಮಡಿಸಲು ಹೊರಟ ನನ್ನನ್ನು ಕಂಡು ಅವಳೇ ಎದ್ದು ಬಂದು ತನ್ನ ಎರಡು ಮೂಲೆ ಹಿಡಿದಳು. ಬಲಗೈ ಹೊಟ್ಟೆಯ ಮಟ್ಟಕ್ಕಿಂತ ಮೇಲೆ ಬರಲಿಲ್ಲ. ನಾನು ಬಗ್ಗಿ ನನ್ನ ಕೈಯನ್ನೂ ಅಲ್ಲಿಗೇ ಇಳಿಸಿದೆ. ಕೂಡಿಸಿದೆವು. ಅವಳ ಕಡೆಯ ಅಂಚು ನಾಲ್ಕು ಬೆರಳು ಹಿಂದೆ ಉಳಿಯಿತು.

ಅತ್ತಿಗೆ ಅದನ್ನು ನೋಡಿದಳು. ಬಿಚ್ಚಿ ಮತ್ತೆ ಮಡಿಸೋಣ ಅಂತಾಳೆ ಎಂದು ನಾನು ಮೂಲೆ ಬಿಡದೆ ಕಾಯುತ್ತಾ ನಿಂತೆ. ಅವಳು ಅನ್ನಲಿಲ್ಲ. ಹಾಗೇ ಎಡಗೈಯಲ್ಲಿ ಎತ್ತಿಕೊಂಡು ಹೋಗಿ ಕಪಾಟಿನಲ್ಲಿಟ್ಟು ಬಾಗಿಲು ಹಾಕಿದಳು.