ಕಪ್ಪು ಕಳಚಿದ ಮಧ್ಯಾಹ್ನ

ನನ್ನ ಮೈದುನ ಮಿಯಾಲಿ ಸತ್ತಾಗ ಊರಿನವರು ಮತ್ತೆ ಅದೇ ಕಥೆ ತೆಗೆದರು. ತಾಯಿ ಸತ್ತ ಸುದ್ದಿಯನ್ನು ಇಡೀ ಊರು ಸೇರಿ ಅವನಿಂದ ಹೇಗೆ ಮುಚ್ಚಿಟ್ಟಿತು ಎಂಬ ಕಥೆ. ಐವತ್ತು ವರ್ಷ ಕೇಳಿ ನನ್ನ ಕಿವಿ ಜಡ್ಡುಗಟ್ಟಿದೆ. ಆದರೂ ಒಮ್ಮೆ ಮೊದಲಿನಿಂದ ಹೇಳಿಬಿಡುತ್ತೇನೆ, ಯಾಕೆಂದರೆ ಊರಿಗೆ ಗೊತ್ತಿರುವುದು ಅರ್ಧ ಮಾತ್ರ.

ನಾನು ಆ ಮನೆಗೆ ಸೊಸೆಯಾಗಿ ಬಂದಾಗ ಮಿಯಾಲಿಗೆ ಹದಿನಾಲ್ಕು. ಕುರಿ ಕಾಯುತ್ತಿದ್ದ, ಅಥವಾ ಕಾಯಬೇಕಿತ್ತು. ಅಂಚೆಯವನು ಎಸೆದ ಹಳೆಯ ಸೈಕಲ್ಲೊಂದು ಅವನಿಗೆ ಸಿಕ್ಕಿತ್ತು. ಅದಕ್ಕೆ ಬ್ರೇಕ್ ಇರಲಿಲ್ಲ. ಇಳಿಜಾರಿನಲ್ಲಿ ಚಪ್ಪಲಿಯನ್ನು ನೆಲಕ್ಕೆ ಒತ್ತಿ ನಿಲ್ಲಿಸುತ್ತಿದ್ದ. ನಮ್ಮೂರಿಂದ ಕೊರ್ರೆಬೊಯಿ ಘಾಟಿಯ ನೆತ್ತಿಗೆ ಬರೀ ಏರು, ಬರೀ ತಿರುವು. ದಿನಕ್ಕೊಮ್ಮೆ ಅದನ್ನು ಹತ್ತಿ ಇಳಿಯದಿದ್ದರೆ ಅವನಿಗೆ ಉಂಡ ಅನ್ನ ಅರಗುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತ ಗಂಡಸರು, "ಏನೋ ಮಿಯಾಲಿ, ಕುರೀನೆಲ್ಲ ಕ್ಯಾರಿಯರ್‌ಗೆ ಕಟ್ಕೊಂಡು ಹೊರಟ್ಯಾ?" ಎಂದು ರೇಗಿಸುತ್ತಿದ್ದರು.

ನಮ್ಮತ್ತೆ ಮಿಂತೋನಿಯಾ ಮನೆಯೊಳಗೆ ಅವನನ್ನು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದರು. ಅವನು ಹೊರಟ ಕೂಡಲೇ ಮಾತ್ರ ಜಪಸರ ಹಿಡಿದು ಕೂರುತ್ತಿದ್ದರು. ದೇವರ ಮೇಲಿನ ಭಕ್ತಿಗಲ್ಲ, ಹೊತ್ತಿನ ಲೆಕ್ಕಕ್ಕೆ. ಮನೆಯಲ್ಲಿ ಗಡಿಯಾರ ಇರಲಿಲ್ಲ. "ಇವತ್ತು ಒಂಬತ್ತು ಸುತ್ತಿಗೇ ಬಂದ ಕಣೇ" ಎಂದು ನನ್ನ ಕಿವಿಯಲ್ಲಿ ಹೇಳಿ, ರಸ್ತೆ ಬದಿಯ ನಲ್ಲಿಯ ಹತ್ತಿರ ಓಡುತ್ತಿದ್ದರು. ತೆಳ್ಳನೆ ರೊಟ್ಟಿಯಲ್ಲಿ ಸುತ್ತಿದ ಒಣ ಅಂಜೂರವನ್ನು ಕೈ ಚಾಚಿ ಹಿಡಿದರೆ, ಅವನು ಸೈಕಲ್ ನಿಲ್ಲಿಸದೆಯೇ ಕಿತ್ತುಕೊಂಡು ಹೋಗುತ್ತಿದ್ದ.

ಐವತ್ತೆಂಟನೇ ಇಸವಿಯ ಜುಲೈ ತಿಂಗಳಲ್ಲಿ ನಮ್ಮ ಸಾರ್ಡೀನಿಯಾ ದ್ವೀಪವನ್ನು ಸುತ್ತುವ ಐದು ದಿನದ ಸೈಕಲ್ ಪಂದ್ಯ ನಡೆಯಿತು. ಮಿಯಾಲಿಗೆ ಇಪ್ಪತ್ತೆರಡು. ಮೂರನೇ ದಿನದ ಕೊನೆಗೆ ಎರಡನೆಯವನಾಗಿದ್ದ. ಮಿಲಾನಿನಿಂದ ಬಂದ ಒಬ್ಬ ಯಜಮಾನ ಕಾರಿನಲ್ಲಿ ಹಿಂದೆಯೇ ಬರುತ್ತಿದ್ದಾನಂತೆ, ಗೆದ್ದವನನ್ನು ತನ್ನ ತಂಡಕ್ಕೆ ಸೇರಿಸಿಕೊಳ್ಳುತ್ತಾನಂತೆ ಎಂದು ಸುದ್ದಿಯಿತ್ತು. ನಾಲ್ಕನೇ ದಿನದ ದಾರಿ ನೂವೊರೊದಿಂದ ನಮ್ಮೂರ ಮೇಲೆ ಹಾದು, ಘಾಟಿ ದಾಟಿ, ಸಮುದ್ರದ ದಡದ ತೊರ್ತೊಲಿಗೆ ಇಳಿಯುತ್ತಿತ್ತು.

ಮೂರನೇ ದಿನದ ಸಂಜೆ ನಮ್ಮತ್ತೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕುಸಿದವರು ಮೇಲೇಳಲಿಲ್ಲ. ಪಾದ್ರಿ ಬರುವಷ್ಟರಲ್ಲಿ ಉಸಿರು ಹೋಗಿತ್ತು. ಬೇಸಿಗೆ, ಹೆಚ್ಚು ಹೊತ್ತು ಇಡುವ ಹಾಗಿರಲಿಲ್ಲ. ಮರುದಿನ ಸಂಜೆ ಐದಕ್ಕೆ ಮಣ್ಣು ಮಾಡುವುದೆಂದಾಯಿತು.

ಬೆಳಗ್ಗೆ ನನ್ನ ಗಂಡ ಬೊಬೊರೆ ಅಂಗಳದಲ್ಲಿ ನಿಂತು ಹೇಳಿದರು, "ಮಿಯಾಲಿಗೆ ಯಾರೂ ಹೇಳ್ಬೇಡಿ. ಮಧ್ಯಾಹ್ನ ಊರು ದಾಟ್ಲಿ. ನಾನು ಲಾರಿ ತಗೊಂಡು ತೊರ್ತೊಲೀಲಿ ಕಾದಿರ್ತೀನಿ. ಮುಗಿದ ತಕ್ಷಣ ಕೂರಿಸ್ಕೊಂಡು ಐದರೊಳಗೆ ತರ್ತೀನಿ."

"ಹೆತ್ತವಳು ಒಳಗೆ ಮಲಗಿದಾಳೆ. ಮಗ ಬಾಗಿಲ ಮುಂದೇನೇ ಹಾದು ಹೋಗ್ಬೇಕಾ?" ಎಂದೆ.

"ಇವತ್ತು ಅವನನ್ನ ನಿಲ್ಲಿಸಿದ್ರೆ ಸಾಯೋವರೆಗೂ ಕುರಿ ಹಿಂದೇನೇ ಇರ್ತಾನೆ. ಅಮ್ಮನಿಗೆ ಬೇಕಾಗಿದ್ದು ಅದಲ್ಲ ಕಣೇ."

"ಅಮ್ಮನಿಗೆ ಏನು ಬೇಕಿತ್ತು ಅಂತ ನೀವು ಕೇಳಿದ್ರಾ?"

ಅವರು ಲಾರಿ ಹತ್ತಿದರು. ನನ್ನ ಗಂಡನ ಮಾತನ್ನು ಊರು ವೇದವಾಕ್ಯ ಎಂದುಕೊಂಡಿತು. ಸಾವಿನ ಸುದ್ದಿ ಸಾರಲು ಗೋಡೆಗಳಿಗೆ ಅಂಟಿಸಿದ್ದ ಕಾಗದಗಳನ್ನು ನೀರು ಹಾಕಿ ಕೆರೆದರು. ಚರ್ಚಿನ ಗಂಟೆಯನ್ನು ತಡೆದರು. ಹೆಣದ ಸುತ್ತ ಕೂತು ಹಾಡಿ ಅಳುತ್ತಿದ್ದ ಹೆಂಗಸರನ್ನು ಸುಮ್ಮನಿರಿಸಿದರು. ಸಾವಿಗೆಂದು ಮುಚ್ಚಿದ್ದ ಕಿಟಕಿಗಳೆಲ್ಲ ತೆರೆದುಕೊಂಡವು. ರಸ್ತೆ ಬದಿಗೆ ನಿಲ್ಲುವವರು ಯಾರೂ ಸೂತಕದ ಕಪ್ಪು ಉಡಬಾರದೆಂದು ಮನೆ ಮನೆಗೂ ಹೇಳಿ ಬಂದೆವು.

ಅಲ್ಲೇ ನಾವು ಎಡವಿದ್ದು. ಅತ್ತೆಯ ತಂಗಿ ಪಸ್ಕಾಳ ಗಂಡ ಮೊದಲ ಮಹಾಯುದ್ಧದಿಂದ ಹಿಂತಿರುಗಿರಲಿಲ್ಲ. ನಲವತ್ತು ವರ್ಷದಿಂದ ಅವಳ ಮೈಮೇಲೆ ಕಪ್ಪು ಬಿಟ್ಟು ಬೇರೆ ಬಣ್ಣ ಕಂಡವರಿಲ್ಲ. ಪೆಟ್ಟಿಗೆಯಲ್ಲೂ ಬೇರೆ ಬಟ್ಟೆ ಇರಲಿಲ್ಲ. "ನನ್ನ ಕಪ್ಪು ನನ್ನ ಜೊತೆ ಗುಂಡಿಗೇ ಬರೋದು" ಎಂದು ಹಟ ಹಿಡಿದಳು. ಆಮೇಲೆ, "ಮಗುಗೋಸ್ಕರ ತಾನೆ" ಎಂದು ತಾನೇ ಕಳಚಿದಳು. ನಾನು ನನ್ನ ಮದುವೆಯ ಕೆಂಪು ಶಾಲು ಹೊದಿಸಿ ಅವಳನ್ನು ನಲ್ಲಿಯ ಹತ್ತಿರ ನಿಲ್ಲಿಸಿದೆ. ಚಳಿಯಾದವಳ ಹಾಗೆ ಎದೆಗೆ ಕೈ ಕಟ್ಟಿಕೊಂಡು ನಿಂತಿದ್ದಳು.

ಮಿಯಾಲಿ ಒಬ್ಬನೇ ಬಂದ, ಎಲ್ಲರಿಗಿಂತ ಮುಂದೆ. ನಲ್ಲಿಯ ಹತ್ತಿರ ವೇಗ ತಗ್ಗಿಸಿದ. ನಾನು ಅಂಜೂರ ಚಾಚಿದೆ.

"ಅಮ್ಮ ಎಲ್ಲಿ ಅತ್ತಿಗೆ?"

"ರೊಟ್ಟಿ ಒಲೆ ಮುಂದೆ ಇದಾರೆ, ಬಿಟ್ಟು ಬರೋ ಹಾಗಿಲ್ಲ. ನೀನು ಹೋಗು."

ಅವನು ನನ್ನನ್ನು ನೋಡಿದ, ಪಸ್ಕಾಳನ್ನು ನೋಡಿದ. ಅಂಜೂರ ತೆಗೆದುಕೊಂಡ. ಮೊದಲ ತಿರುವಿನಲ್ಲಿ ಎದ್ದು ನಿಂತು ಪೆಡಲ್ ತುಳಿಯುತ್ತಾ ಕಣ್ಮರೆಯಾದ. ಊರಿನವರು ಚಪ್ಪಾಳೆ ತಟ್ಟಿದರು. ಕೊನೆಯ ಸವಾರ ದಾಟಿದ ಮೇಲೆ ಹೆಂಗಸರು ಒಳಗೆ ಹೋಗಿ ಕಪ್ಪು ಉಟ್ಟು ಬಂದರು. ಅಳುವವರು ಹಾಡನ್ನು ನಿಲ್ಲಿಸಿದ ಕಡೆಯಿಂದಲೇ ಎತ್ತಿಕೊಂಡರು.

ತೊರ್ತೊಲಿಯ ಬಯಲಿನಲ್ಲಿ ಇಬ್ಬರು ಅವನನ್ನು ಹಿಂದೆ ಹಾಕಿದರು. ಮೂರನೆಯವನಾಗಿ ಮುಟ್ಟಿದ. ವಾಪಸು ಬರುವಾಗ ಏರಿನಲ್ಲಿ ಲಾರಿ ಕೆಟ್ಟು ನಿಂತಿತು. ಅಣ್ಣತಮ್ಮಂದಿರು ಊರು ಸೇರಿದಾಗ ಏಳೂವರೆ. ಗುಂಡಿ ಮುಚ್ಚಿ ಹೂವಿಟ್ಟಾಗಿತ್ತು. ಮಿಯಾಲಿ ಇನ್ನೂ ಪಂದ್ಯದ ಅಂಗಿಯಲ್ಲೇ ಇದ್ದ, ಅದರ ಮೇಲೆ ಅಣ್ಣನ ಕೋಟು. ಮಣ್ಣಿನ ಹತ್ತಿರ ತಲೆ ತಗ್ಗಿಸಿ ನಿಂತ. ಪಾಪ, ಗೊತ್ತೇ ಇರಲಿಲ್ಲ ಎಂದು ಊರೆಲ್ಲ ಅತ್ತಿತು.

ಐದನೇ ದಿನ ಅವನು ಹೋಗಲಿಲ್ಲ. ಸೂತಕದ ಒಂದು ವರ್ಷ ಸೈಕಲ್ ಮುಟ್ಟಲಿಲ್ಲ. ಮಿಲಾನಿನ ಯಜಮಾನ ಬೇರೆ ಯಾರನ್ನೋ ಕರೆದುಕೊಂಡು ಹೋದ. ಮುಂದೆ ಮಿಯಾಲಿಗೆ ರಸ್ತೆ ನೋಡಿಕೊಳ್ಳುವ ಸರ್ಕಾರಿ ಕೆಲಸ ಸಿಕ್ಕಿತು. ಘಾಟಿಯ ನೆತ್ತಿಯಲ್ಲಿ, ಗೋಡೆಗೆ ಕೆಂಪು ಬಳಿದ ಸರ್ಕಾರದ ಮನೆ. ಮೂವತ್ತು ವರ್ಷ ಅದೇ ಏರಿನ ಹಿಮ ಸರಿಸಿದ, ಉರುಳಿದ ಕಲ್ಲು ಎತ್ತಿದ, ಚರಂಡಿ ಬಿಡಿಸಿದ. ಮದುವೆ ಆಗಲಿಲ್ಲ. ಬರಬರುತ್ತ ಜರ್ಮನಿ, ಹಾಲೆಂಡ್ ಕಡೆಯವರು ಸೈಕಲ್ ತುಳಿಯಲು ಬರತೊಡಗಿದರು. ಅವರಿಗೆ ನೀರು ತುಂಬಿಸಿ ಕೊಡುತ್ತಿದ್ದ, ಪಂಕ್ಚರ್ ಹಾಕುತ್ತಿದ್ದ, ಇಳಿಯುವಾಗ ಎದೆಗೆ ಗಾಳಿ ಬಡಿಯದಿರಲೆಂದು ಅಂಗಿಯೊಳಗೆ ಸೇರಿಸಿಕೊಳ್ಳಲು ಹಳೆಯ ಪೇಪರ್ ಕೊಡುತ್ತಿದ್ದ. ನೀವೂ ಪಂದ್ಯಕ್ಕೆ ಹೋಗಿದ್ರಾ ಎಂದು ಕೇಳಿದರೆ, "ಒಂದ್ಸಲ ಮೂರನೆಯವನಾಗಿದ್ದೆ" ಎನ್ನುತ್ತಿದ್ದ.

ಕೆಲಸದಿಂದ ನಿವೃತ್ತನಾದ ಮೇಲೆ ನಮ್ಮ ಮನೆಯ ಪಕ್ಕದ ಕೋಣೆಗೆ ಬಂದ. ನನ್ನ ಗಂಡನ ಸಂಕಟ ಆಗ ಇನ್ನೂ ಹೆಚ್ಚಾಯಿತು. ಪ್ರತಿ ವರ್ಷ ತಾಯಿ ಸತ್ತ ದಿನ ತಮ್ಮನ ಮುಂದೆ ಟೋಪಿ ತೆಗೆದು ನಿಲ್ಲುತ್ತಿದ್ದರು.

"ನಾನು ನಿನಗೆ ಅಮ್ಮನ ಮುಖ ತಪ್ಪಿಸ್ದೆ ಕಣೋ. ಕ್ಷಮಿಸ್ಬಿಡು."

"ಬಿಡಣ್ಣ" ಎಂದು ಅವನು ನೆಲ ನೋಡುತ್ತಿದ್ದ.

ನಾನೇನು ಸುಮ್ಮನಿದ್ದವಳಲ್ಲ. ಹೆಂಚು ಸೋರಲಿ, ಸಾರಿಗೆ ಉಪ್ಪು ಹೆಚ್ಚಾಗಲಿ, ಜಗಳ ಎಲ್ಲಿಂದ ಶುರುವಾದರೂ ಕೊನೆಗೆ ನನ್ನ ಬಾಯಿಂದ ಬರುತ್ತಿದ್ದದ್ದು ಅದೇ. "ಮಗನಿಗೆ ತಾಯಿ ಮುಖ ತೋರಿಸ್ದೆ ಇದ್ದವರು ನೀವು." ಅಷ್ಟು ಕೇಳಿದರೆ ಅವರು ಚಮಚ ಕೆಳಗಿಟ್ಟು ಕುರಿದೊಡ್ಡಿಗೆ ನಡೆಯುತ್ತಿದ್ದರು. ಗೆದ್ದೆ ಎಂದುಕೊಳ್ಳುತ್ತಿದ್ದೆ. ನನ್ನ ಗಂಡ ಹಾಸಿಗೆ ಹಿಡಿದಾಗಲೂ ಒಮ್ಮೆ ಹೇಳಿದೆ. ಅದನ್ನು ನೆನೆದರೆ ನನ್ನ ನಾಲಿಗೆ ಕಿತ್ತು ಎಸೆಯಬೇಕು ಅನ್ನಿಸುತ್ತದೆ.

ಅವರು ತೀರಿ ಹನ್ನೊಂದು ವರ್ಷವಾಗಿತ್ತು. ಕಳೆದ ಅಕ್ಟೋಬರಿನಲ್ಲಿ ನಾನೂ ಮಿಯಾಲಿಯೂ ಬಾಗಿಲಲ್ಲಿ ಕೂತು ಹುರುಳಿಕಾಯಿ ಬಿಡಿಸುತ್ತಿದ್ದೆವು. ಪರದೇಶದ ನಾಲ್ವರು ಏದುಸಿರು ಬಿಡುತ್ತಾ ಘಾಟಿಯ ಕಡೆ ಹತ್ತಿ ಹೋದರು. ಅವರು ತಿರುವು ದಾಟುವವರೆಗೂ ಅವನು ನೋಡಿದ.

"ಅತ್ತಿಗೆ, ಅವತ್ತು ಪಸ್ಕಾ ಚಿಕ್ಕಮ್ಮ ಹೊದ್ದಿದ್ದ ಶಾಲು ನಿಮ್ಮದಲ್ವಾ?"

"ಯಾವತ್ತು?"

"ಅಮ್ಮ ಸತ್ತಾಗ."

ಅವನು ಬುಟ್ಟಿಯನ್ನೇ ನೋಡುತ್ತಾ ಹೇಳಿದ, "ನಾನು ಹುಟ್ಟಿದಾಗಿಂದ ಚಿಕ್ಕಮ್ಮ ಕಪ್ಪಲ್ಲೇ ಇದ್ದಳು. ಅವಳು ಕೆಂಪು ಹೊದ್ದು ನಿಂತಿದ್ದು ನೋಡಿದ ತಕ್ಷಣ ಅಮ್ಮ ಹೋಗ್ಬಿಟ್ಳು ಅಂತ ಗೊತ್ತಾಯ್ತು. ಯಾರಿಗೋಸ್ಕರ ಕಳಚಿದಾಳೆ ಅಂತಾನೂ ಗೊತ್ತಾಯ್ತು."

"ಮತ್ತೆ ಯಾಕೋ ನಿಲ್ಲಲಿಲ್ಲ?"

"ನಲವತ್ತು ಸೆಕೆಂಡು ಮುಂದಿದ್ದೆ ಅತ್ತಿಗೆ."

ಇಷ್ಟೇ. ಮೂವತ್ತು ಹೆಜ್ಜೆ ಆಚೆ ತಾಯಿ ಮಲಗಿದ್ದಳು, ಇವನು ನಲವತ್ತು ಸೆಕೆಂಡು ಮುಂದಿದ್ದ.

"ನಿಮ್ಮಣ್ಣ ಬದುಕಿದ್ದಾಗ ಹೇಳೋಕೇನಾಗಿತ್ತು ನಿನಗೆ?"

"ಹೇಳಿದ್ರೆ ಅಮ್ಮನ್ನ ಬಿಟ್ಟು ಹೋದವನು ನಾನಾಗ್ತಿದ್ದೆ. ಹೇಳದೆ ಇದ್ದಷ್ಟು ದಿನ ಅದು ಅಣ್ಣನ ತಲೆ ಮೇಲಿತ್ತು."

"ಅದೇ ಮಾತು ಹಿಡ್ಕೊಂಡು ನಾನು ಅವರನ್ನ ಎಷ್ಟು ಚುಚ್ಚಿದೀನಿ ಗೊತ್ತೇನೋ?"

"ಗೊತ್ತು. ಪಕ್ಕದ ಕೋಣೇಲೇ ಇರ್ತಿದ್ನಲ್ಲ."

ನಾನು ಬುಟ್ಟಿ ಎತ್ತಿಕೊಂಡು ಒಳಗೆ ಬಂದು ಬಾಗಿಲು ಹಾಕಿಕೊಂಡೆ. ಅವನಿಗೆ ಮೂರು ವಾರ ಊಟ ಕಳಿಸಿದೆ, ಮಾತು ಬಿಟ್ಟೆ. ಪಕ್ಕದ ಮನೆಯ ಹುಡುಗಿ ತಟ್ಟೆ ಕೊಟ್ಟು ಬರುತ್ತಿದ್ದಳು. ನಾಲ್ಕನೇ ವಾರ ಒಂದು ಬೆಳಗ್ಗೆ ತಟ್ಟೆ ಹಾಗೆಯೇ ವಾಪಸು ಬಂತು. ಹೋಗಿ ನೋಡಿದರೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಗೋಡೆಯ ಆ ಕಡೆ ನನ್ನ ಅಡುಗೆಮನೆ. ಅಯ್ಯೋ ಎನ್ನಿಸಿತು, ಸಿಟ್ಟೂ ಹಾಗೆಯೇ ಇತ್ತು. ಎರಡೂ ಇವತ್ತಿಗೂ ಇವೆ.

ಮಣ್ಣು ಮಾಡುವ ದಿನ ಪಾದ್ರಿ ಪೂಜೆಯ ನಡುವೆ ಆ ಕಥೆಯನ್ನೇ ಹೇಳಿದರು. ಒಬ್ಬ ಬಡ ಸವಾರನಿಗಾಗಿ ಇಡೀ ಊರು ಒಂದು ಮಧ್ಯಾಹ್ನ ದುಃಖವನ್ನು ಮುಚ್ಚಿಟ್ಟಿತು ಎಂದರು. ಹೊರಗೆ ಬಂದ ಮೇಲೆ ಓರಗೆಯ ಗೆಳತಿಯೊಬ್ಬಳು ನನ್ನ ಕೈ ಹಿಡಿದು, "ನಿನ್ನ ಗಂಡ ಮಾಡಿದ್ದು ತಪ್ಪೇ ಬಿಡು, ಆದ್ರೆ ಪ್ರೀತಿಗೆ ಮಾಡಿದ್ರು" ಎಂದಳು. ಹಿಂದೆಲ್ಲ ಈ ಮಾತಿಗೆ ನಾನು ತಲೆಯಾಡಿಸುತ್ತಿದ್ದೆ.

"ನನ್ನ ಗಂಡ ಅವನಿಗೆ ಯಾವ ಮುಖಾನೂ ತಪ್ಪಿಸಿರಲಿಲ್ಲ" ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ವಯಸ್ಸಾಯಿತು, ಏನೋ ಅನ್ನುತ್ತಾಳೆ ಎಂದುಕೊಂಡಿರಬೇಕು. ಬೊಬೊರೆ ಬದುಕಿದ್ದಾಗ ಒಮ್ಮೆಯೂ ಅವರ ಪರವಾಗಿ ಹೀಗೆ ಬಾಯಿ ತೆರೆದವಳಲ್ಲ ನಾನು.