ತಾಟಿನ್ಯಾಗ ಲಿಂಬಿ ಐತಿ

ಡಾಕ್ಟರ್ ಬಾಯಿಯವರ ಎಡಗಾಲಲ್ಲಿ ಚಪ್ಪಲಿ ಇರುತ್ತಿತ್ತು, ಬಲಗಾಲು ಬರಿದಾಗಿರುತ್ತಿತ್ತು. ಕಾರು ಓಡಿಸುವಾಗ ಬಲಗಾಲಿನ ಚಪ್ಪಲಿ ಬಿಚ್ಚಿ ಸೀಟಿನ ಕೆಳಗೆ ತಳ್ಳುವುದು ಅವರ ರೂಢಿ. ಇಳಿಯುವ ಅವಸರದಲ್ಲಿ ಅದನ್ನು ಅಲ್ಲೇ ಮರೆಯುವುದೂ ರೂಢಿಯೇ. ಇಂಡಿ ಊರಿನ ಸುತ್ತಲಿನ ಹಳ್ಳಿಗಳ ಹೆಂಗಸರು ಅವರ ಮುಖ ಕಾಣುವ ಮೊದಲೇ ಆ ನಡಿಗೆಯನ್ನು ಗುರುತು ಹಿಡಿಯುತ್ತಿದ್ದರು. ಒಂದು ಹೆಜ್ಜೆಗೆ ಸಪ್ಪಳ, ಮುಂದಿನದಕ್ಕೆ ಇಲ್ಲ. ಬಲ ಹೆಬ್ಬೆರಳಿನ ಬುಡದಲ್ಲಿ ಎಷ್ಟು ತಿಕ್ಕಿದರೂ ಹೋಗದ ಒಂದು ಕಪ್ಪು ಕಲೆ ಇತ್ತು. ಪೆಡಲಿನ ರಬ್ಬರು ಮೂಡಿಸಿದ ಕಲೆ ಅದು.

ಎಪ್ಪತ್ತರ ದಶಕದ ಮಾತು. ಬಜಾರಿನಲ್ಲಿ ಅವರ ಹೆರಿಗೆ ಆಸ್ಪತ್ರೆಯ ಎದುರಿಗೇ ನನ್ನ ಗಡಿಯಾರ ರಿಪೇರಿ ಅಂಗಡಿ. ಅವರು ಧಾರವಾಡದವರು, ಮದುವೆಯಾಗಿರಲಿಲ್ಲ. ಅಲ್ಲಿ ಅವರ ಅಣ್ಣನದೊಂದು ಗ್ಯಾರೇಜು ಇತ್ತು. ತಂಗಿಗೆ ಕಾರಿನ ಹುಚ್ಚು ಹಚ್ಚಿದವರು ಅವರೇ. ಯುದ್ಧಕಾಲದಲ್ಲಿ ಕಟ್ಟಿ ಬಿಟ್ಟಿದ್ದ, ವಿಮಾನ ಇಳಿಯುವ ಓಡುದಾರಿಯೊಂದು ಮಹಾರಾಷ್ಟ್ರದ ಕಡೆ ಇತ್ತು. ವರ್ಷಕ್ಕೆ ಒಂದೆರಡು ಸಲ ಅಲ್ಲಿ ಕಾರುಗಳ ರೇಸು ನಡೆಯುತ್ತಿತ್ತು. ಬಾಯಿಯವರು ಅದನ್ನು ತಪ್ಪಿಸುತ್ತಿರಲಿಲ್ಲ. ಹಾಳಾಗಿದ್ದ ಸ್ಟಾಪ್‌ವಾಚ್ ಒಂದನ್ನು ರಿಪೇರಿಗೆ ತಂದಾಗಲೇ ನನ್ನ ಅವರ ಪರಿಚಯ ಬೆಳೆದದ್ದು.

ನಿಂತಲ್ಲಿ ನಿಲ್ಲುವ ಜೀವವಲ್ಲ ಅದು. ಕುರ್ಚಿಯಲ್ಲಿ ಕೂತರೆ ಮೊಣಕಾಲು ಅಲುಗುತ್ತಿತ್ತು, ಚಹಾ ಕುಡಿಯುವಾಗ ಬೆರಳು ಕಪ್ಪಿನ ಅಂಚನ್ನು ಬಡಿಯುತ್ತಿತ್ತು. ಅಂಗಡಿಗೆ ಬಂದರೆ ಗೋಡೆಯ ಗಡಿಯಾರಗಳನ್ನೆಲ್ಲ ಒಂದೊಂದಾಗಿ ಮುಟ್ಟಿ ಬರುವರು.

"ಏನ್ರಿ ಗಡಿಯಾರದವರ, ಅಂಗಡಿ ತುಂಬ ಗಡಿಯಾರ ಓಡಾಕತ್ತಾವು, ನಡುವ ನೀವೊಬ್ಬರೇ ನಿಂತೀರಲ್ರಿ. ನಿಮಗ ಕೀಲಿ ಕೊಡಾವರು ಯಾರೂ ಇಲ್ಲೇನು?"

ನಾನು ನಿಧಾನದವನು. ನಗುತ್ತಿದ್ದೆ, ಉತ್ತರ ಹುಡುಕುವಷ್ಟರಲ್ಲಿ ಅವರು ರಸ್ತೆ ದಾಟಿರುತ್ತಿದ್ದರು.

ನನ್ನ ಹೆಂಡತಿ ಚೊಚ್ಚಲ ಹೆರಿಗೆಗೆಂದು ತವರಿಗೆ, ಅಗರಖೇಡಕ್ಕೆ ಹೋಗಿದ್ದಳು. ನೋವು ಕಾಣಿಸಿಕೊಂಡಾಗ ಬಾಯಿಯವರಿಗೆ ಹೇಳಿಕಳಿಸಿದರು. ಆಗ ಅವರ ಬಳಿ ಇದ್ದದ್ದು ಅಣ್ಣ ರೇಸಿಗೆಂದೇ ಸಜ್ಜು ಮಾಡಿಕೊಟ್ಟಿದ್ದ ಹಳೆಯ ಕಾರು. ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು. ಅಗರಖೇಡದ ದಾರಿಯಲ್ಲಿ, ಎರೆಮಣ್ಣಿನಲ್ಲಿ ಹುದುಗಿದ್ದ ಒಂದು ಕಲ್ಲು ಅದರ ಎಣ್ಣೆಯ ತೊಟ್ಟಿಯನ್ನು ಸೀಳಿತು. ಬಾಯಿಯವರು ಕಾರನ್ನು ಅಲ್ಲೇ ಬಿಟ್ಟು ಚೀಲ ಹೆಗಲಿಗೇರಿಸಿ ನಡೆದು ಬಂದರು. ಅವರು ಬರುವ ಹೊತ್ತಿಗೆ ಕೂಸು ಹೋಗಿತ್ತು. ಹೆಂಡತಿ ಉಳಿದಳು.

ಅಂದು ಅವರು ನಮ್ಮ ಮಾವನ ಮನೆಯ ಕಟ್ಟೆಯ ಮೇಲೆ ಕೂತಿದ್ದುದು ನನಗೆ ನೆನಪಿದೆ. ಅವರ ಮೊಣಕಾಲು ಅಲುಗದೆ ಇದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆ ಕಾರನ್ನು ಅವರು ಗುಜರಿಗೆ ಹಾಕಿದರು. ಹಳ್ಳಿ ತಿರುಗಲು ಇನ್ನೊಂದು ಕಾರು ಬೇಕೇ ಬೇಕಾಗಿತ್ತು, ಅವರ ಕೈಯಲ್ಲಿ ಒಂದೇ ಕಾರಿಗಾಗುವಷ್ಟು ದುಡ್ಡಿತ್ತು, ಅದೂ ಹಳೆಯದಕ್ಕೆ. ರೇಸು ಬಿಟ್ಟು ಒಂದು ಜೀಪು ತಗೊಳ್ಳಿ ಎಂದು ಎಲ್ಲರೂ ಹೇಳಿದರು. ಲಚ್ಯಾಣದ ಒಬ್ಬ ಹಿರಿಯರು ಆಸ್ಪತ್ರೆಯ ಬಾಗಿಲಲ್ಲೇ ನಿಂತು ಅಂದರು:

"ತಂಗಿ, ಹೆಣ್ಮಗಳು ಗಾಡಿ ಓಡಸಲಿ, ಬ್ಯಾಡ ಅನ್ನಂಗಿಲ್ಲ. ಆದ್ರ ಯಾವೂರಿಗೂ ಹೋಗದ ದುಂಡಗ ಸುತ್ತೂದು ಅದೇನವ್ವ? ಗಾಣದ ಎತ್ತೇನು ನೀ?"

"ಕಾಕಾ, ಅಲ್ಲೆ ದುಂಡಗ ಸುತ್ತಿದ್ದಕ್ಕ ಇಲ್ಲೆ ನೆಟ್ಟಗ ಓಡಸಾಕ ಬಂತ್ರಿ. ಅದನ್ನ ಬಿಟ್ರ ನಾ ಕುಂತಲ್ಲೇ ಕೊಳೀತೇನಿ."

ಎರಡಕ್ಕೂ ಆಗುವ ಒಂದೇ ಕಾರು ಬೇಕೆಂಬುದು ಅವರ ಹಟ. ದಿನಾ ಬಸುರಿಯರನ್ನು ಹೊರಬೇಕು, ರೇಸಿನ ದಿನ ಮಾನ ಉಳಿಸಬೇಕು. ಅಷ್ಟರಲ್ಲಿ ನನ್ನ ಹೆಂಡತಿ ಮತ್ತೆ ಬಸುರಾಗಿದ್ದಳು. ಬಾಯಿಯವರು ಕಾರು ನೋಡಲು ಹೊರಟಾಗಲೆಲ್ಲ ನಾನು ಅಂಗಡಿ ಮುಚ್ಚಿ ಜೊತೆಗೆ ಹೋದೆ. ಅವರು ಕರೆದರು ಎಂಬುದು ನಿಜ. ಕರೆಯದಿದ್ದರೂ ಹೋಗುತ್ತಿದ್ದೆ ಎಂಬುದೂ ನಿಜ.

ಕಾರನ್ನು ಪರೀಕ್ಷಿಸಲು ಅವರದೇ ಒಂದು ಉಪಾಯವಿತ್ತು. ಒಂದು ಹಿತ್ತಾಳೆಯ ತಾಟು, ಅದರಲ್ಲಿ ಒಂದೇ ಒಂದು ಲಿಂಬೆಹಣ್ಣು. ನಾನು ಹಿಂದಿನ ಸೀಟಿನಲ್ಲಿ ಕೂತು ತಾಟನ್ನು ತೊಡೆಯ ಮೇಲೆ ಇಟ್ಟುಕೊಳ್ಳಬೇಕು, ಕೈ ಅಡ್ಡ ಹಿಡಿಯಬಾರದು. ಅವರು ಮೊದಲು ಚಕ್ಕಡಿ ಜಾಡಿನ ದಾರಿಯಲ್ಲಿ, ಆಮೇಲೆ ಡಾಂಬರಿನ ತಿರುವಿನಲ್ಲಿ ಬಿರುಸಾಗಿ ಓಡಿಸುವರು.

"ಆ ಲಿಂಬಿ ಅಂದ್ರ ಬಸುರಿ ಹೊಟ್ಟ್ಯಾಗಿನ ಕೂಸು ಅಂತ ತಿಳಕೋರಿ. ಉರುಳ್ಯಾಡಲಿ, ಬೀಳಬಾರದು. ಜಾಡಿನ್ಯಾಗ ಬಿತ್ತಂದ್ರ ದಿನದ ಕೆಲಸಕ್ಕ ಬ್ಯಾಡ. ತಿರುವಿನ್ಯಾಗ ಬಿತ್ತಂದ್ರ ರೇಸಿಗೆ ಬ್ಯಾಡ."

ಮೊದಲು ಹೋದದ್ದು ಸಿಂದಗಿಗೆ, ಒಬ್ಬ ವಕೀಲರ ಮನೆಗೆ. ಅವರದು ದೊಡ್ಡ ಹೊಟ್ಟೆಯ ಭಾರದ ಕಾರು. ಬಾಯಿಯವರು ನೋಡಿದ ಕೂಡಲೇ ಅದಕ್ಕೆ 'ಎಮ್ಮಿ' ಎಂದು ಹೆಸರಿಟ್ಟರು. ಅವರು ಎಂಜಿನ್ನಿನ ಮುಚ್ಚಳ ಎತ್ತಿ ನೋಡುತ್ತಿದ್ದರು, ನಾನು ಲಿಂಬೆ ಇಟ್ಟ ತಾಟು ಹಿಡಿದು ಕಾರನ್ನು ಒಂದು ಸುತ್ತು ಬಂದೆ, ಯಾವ ಬಾಗಿಲು ಸಲೀಸಾಗಿ ತೆರೆಯುತ್ತದೆಂದು ನೋಡಲು. ಜಗುಲಿಯ ಮೇಲಿದ್ದ ವಕೀಲರ ತಾಯಿ ಎದ್ದು ನಿಂತರು.

"ಏ ಅಪ್ಪಾ! ನಮ್ಮ ಗಾಡಿಗೆ ಏನ್ ಮಾಡಾಕತ್ತೀ? ಲಿಂಬಿಹಣ್ಣ ಹಿಡದು ಸುತ್ತ ಹಾಕ್ತಿ! ಯಾರು ಕಳಸ್ಯಾರ ನಿನ್ನ? ನನ್ನ ಮಗನ ಮುಂದ ಕೇಸ್ ಸೋತಾವರು ಕಳಸ್ಯಾರೇನು?"

ಮಾಟ ಮಾಡಲು ಬಂದವನೆಂದು ಓಣಿಯ ಜನ ಸೇರತೊಡಗಿದರು. ಬಾಯಿಯವರು ಎಣ್ಣೆಯ ಕೈಯಲ್ಲೇ ಬಂದು ತಾಟಿನಿಂದ ಲಿಂಬೆ ಎತ್ತಿಕೊಂಡರು.

"ಅವ್ವಾರ, ಒಂದು ತಂಬಿಗಿ ನೀರು, ಒಂದೀಟು ಸಕ್ಕರಿ ಕೊಡ್ರಿ. ಮಾಟದ ಲಿಂಬಿ ಆಗಿದ್ರ ಮೊದಲ ನಾನ ಸಾಯ್ತೇನಿ, ಆಮ್ಯಾಲ ಈ ಗಡಿಯಾರದವರು. ನಿಮ್ಮ ಪಾಳಿ ಬರೂದ್ರಾಗ ಖಾತ್ರಿ ಆಗಿರ್ತೈತಿ."

ಅಜ್ಜಿ ನಕ್ಕುಬಿಟ್ಟರು. ಎಲ್ಲರೂ ಶರಬತ್ತು ಕುಡಿದೆವು. ಅಜ್ಜಿ ಒಳಗಿನಿಂದ ಇನ್ನೊಂದು ಲಿಂಬೆ ತಂದುಕೊಟ್ಟರು. ಎಮ್ಮೆ ಜಾಡಿನಲ್ಲಿ ಲಿಂಬೆಯನ್ನು ಜೋಪಾನ ಮಾಡಿತು, ಆದರೆ ಮೊದಲ ತಿರುವಿನಲ್ಲೇ ನನ್ನನ್ನೂ ಲಿಂಬೆಯನ್ನೂ ಒಂದೇ ಮೂಲೆಗೆ ಒಗೆಯಿತು.

ಎರಡನೆಯದು ಮುದ್ದೇಬಿಹಾಳದ ಒಬ್ಬ ಬಟ್ಟೆ ವ್ಯಾಪಾರಿಯ ಸಣ್ಣ ಕಾರು. ನಾಲ್ಕು ಬಾಗಿಲು, ಎತ್ತರದ ಹೊಟ್ಟೆ, ಬಣ್ಣ ಮಾಸಿದ ಬೂದು. ಇದಕ್ಕೆ 'ಆಡು' ಎಂದರು. ಜಾಡಿನಲ್ಲಿ ಲಿಂಬೆ ತಾಟಿನ ಅಂಚಿನವರೆಗೆ ಹೋಗಿ ಬಂತು, ಬೀಳಲಿಲ್ಲ. ತಿರುವಿನಲ್ಲಿ ಬಿತ್ತು, ಆದರೆ ತಡವಾಗಿ ಬಿತ್ತು. ಬರುವಾಗ ಬಾಯಿಯವರು ಬಸವನ ಬಾಗೇವಾಡಿಯಲ್ಲಿ ಬಸ್ಸಿಗೆ ಕಾಯುತ್ತ ನಿಲ್ದಾಣದ ಉದ್ದಕ್ಕೂ ಅಡ್ಡಾಡಿದರು.

"ಒಳ್ಳೇದ ಐತಿ. ಒಳ್ಳೇದ ಐತಿ, ಆದ್ರ ಮನಸ್ಸು ಕುಣೀವಲ್ದು ನೋಡ್ರಿ" ಎಂದರು.

ಮನಸ್ಸು ಕುಣಿದದ್ದು ಮೂರನೆಯದಕ್ಕೆ. ಸೊಲ್ಲಾಪುರದ ವ್ಯಾಪಾರಿಯೊಬ್ಬ ಎರಡು ದಿನ ಓಡಿಸಿ ನೋಡಿ ಎಂದು ಕೊಟ್ಟ ಕೆಂಪು ಕಾರು ಅದು. ಎರಡೇ ಬಾಗಿಲು. ಹಳೆಯ ಕಾರಿನಷ್ಟು ತಗ್ಗಲ್ಲ, ಕಲ್ಲು ತಾಗುವ ಹೆದರಿಕೆ ಇರಲಿಲ್ಲ. ಅದನ್ನು 'ಜಿಂಕಿ' ಎಂದರು. ಜಾಡಿನಲ್ಲಿ ಲಿಂಬೆ ಉಳಿಯಿತು, ತಿರುವಿನಲ್ಲೂ ಉಳಿಯಿತು. ಬಾಯಿಯವರು ಇಂಡಿಗೆ ಬಂದು ಆಸ್ಪತ್ರೆಯ ಮುಂದೆ ಎಂಜಿನ್ನು ನಿಲ್ಲಿಸಿದ ಮೇಲೂ ಇಳಿಯಲಿಲ್ಲ. ಸ್ಟಿಯರಿಂಗಿನ ಮೇಲೆ ಎರಡೂ ಕೈ ಇಟ್ಟು, ಗಲ್ಲವನ್ನು ಅದಕ್ಕೆ ತಾಗಿಸಿ ಕೂತಿದ್ದರು. ನನಗೆ ಒಳಗೊಳಗೇ ಹೆದರಿಕೆ. ಏಕೆಂದು ನನಗೇ ತಿಳಿಯದು. ಲಿಂಬೆ ಬಿದ್ದಿರಲಿಲ್ಲವಲ್ಲ.

"ನಿಮ್ಮ ಮನಿಯವರನ್ನ ಕರೀರಿ" ಎಂದರು ಕೊನೆಗೆ. "ಲಿಂಬಿ ಸಾಕು. ಖರೇ ಬಸುರಿ ಕುಂಡ್ರಲಿ."

ಹೆಂಡತಿ ಬಂದಳು. ಮುಂದಿನ ಸೀಟನ್ನು ಮಡಚಿ, ಅದರ ಹಿಂದಿನ ಸಂದಿಯಲ್ಲಿ ನುಸುಳಿ ಹಿಂದೆ ಕೂರಬೇಕು. ಅವಳು ತಲೆ ಹಾಕಿದಳು, ಒಂದು ಕಾಲು ಹಾಕಿದಳು, ಹೊಟ್ಟೆ ಅಡ್ಡ ಬಂತು. ಹಿಂದೆ ಸರಿದು ಬೆನ್ನು ಮುಂದೆ ಮಾಡಿ ಹೊಕ್ಕು ನೋಡಿದಳು. ಅಲ್ಲೇ ಸಿಕ್ಕಿಕೊಂಡು ನಗತೊಡಗಿದಳು.

"ಬಾಯಾರ, ಇದರಾಗ ಹತ್ತಬೇಕಂದ್ರ ಮೊದಲ ಹಡದು ಬರಬೇಕ್ರಿ!"

ಬಾಯಿಯವರು ನಗುತ್ತ ನಗುತ್ತ ಕಾರಿಗೆ ಒರಗಿ ಕಣ್ಣೊರೆಸಿಕೊಂಡರು. ಆಮೇಲೆ ನಗು ನಿಂತಿತು, ಕಣ್ಣೊರೆಸುವುದು ನಿಲ್ಲಲಿಲ್ಲ. ಮರುದಿನ ಜಿಂಕೆಯನ್ನು ಸೊಲ್ಲಾಪುರಕ್ಕೆ ಮುಟ್ಟಿಸಿ ಬಂದರು. ಮುದ್ದೇಬಿಹಾಳದ ಆಡು ಇಂಡಿಗೆ ಬಂತು. ಜನ ಅದರ ನಾಲ್ಕು ಗಾಲಿಗಳ ಕೆಳಗೆ ನಾಲ್ಕು ಲಿಂಬೆ ಇಟ್ಟರೆ, ಬಾಯಿಯವರು ಅವನ್ನು ಹೆಕ್ಕಿ ಸೆರಗಿಗೆ ಹಾಕಿಕೊಂಡರು.

"ಇಡೀ ಊರು ಲಿಂಬಿ ಬೆಳದು ಉಣತೈತಿ, ಅದರ ಮ್ಯಾಲ ಗಾಲಿ ಹಾಯಸೂದೇನ್ರಿ?"

ಆದರೂ ಅವರು ರೇಸು ಬಿಡಲಿಲ್ಲ. ಆಡನ್ನು ಹಗುರ ಮಾಡಬೇಕೆಂದು ಹಿಂದಿನ ಸೀಟನ್ನು ಬೋಲ್ಟು ಬಿಚ್ಚಿ ತೆಗೆಯುವಂತೆ ಮಾಡಿಸಿದರು. ರೇಸಿನ ಮುನ್ನಾದಿನ ಸೀಟು ಆಸ್ಪತ್ರೆಯ ಪಡಸಾಲೆಗೆ ಬರುವುದು, ಮೇಲೆ ರೋಗಿಗಳ ಕಡೆಯವರು ಕೂರುವರು. ರೇಸು ಮುಗಿದ ಮರುದಿನ ಮತ್ತೆ ಕಾರಿಗೆ ಹೋಗುವುದು. ಬೋಲ್ಟು ಬಿಚ್ಚುವ, ಬಿಗಿಯುವ ಕೆಲಸ ನನ್ನದು.

ಹೆಂಡತಿ ಮತ್ತೆ ತವರಿಗೆ ಹೋದಳು. ಅಲ್ಲಿ ಬೇಡ ಎಂದು ನಾನು ಹೇಳಿದ್ದೆ. ಅವಳ ತಾಯಿ ಕೇಳಲಿಲ್ಲ. ಒಂದು ಮುಂಜಾನೆ ಅವಳ ತಮ್ಮ ಸೈಕಲ್ಲಿನಲ್ಲಿ ಬಂದು ಅಂಗಡಿಯ ಮುಂದೆ ಸೈಕಲ್ಲನ್ನು ಕೆಡವಿಯೇ ಇಳಿದ.

"ಮಾಮಾ, ಅಕ್ಕಗ ಬ್ಯಾನಿ ಚಾಲೂ ಆಗ್ಯಾವು. ಸೂಲಗಿತ್ತಿ ಮುದುಕಿ ಕೈ ಚೆಲ್ಲ್ಯಾಳ, ಡಾಕ್ಟರನ್ನ ಕರೀರಿ ಅಂತಾಳ."

ಎದುರಿಗೆ ಆಡು ನಿಂತಿತ್ತು. ಅಂದಿನ ರೇಸಿಗೆ ಹೊರಟು ನಿಂತಿತ್ತು. ಹಿಂದಿನ ಸೀಟು ಪಡಸಾಲೆಯಲ್ಲಿತ್ತು, ನಾನೇ ಹಿಂದಿನ ಸಂಜೆ ಬಿಚ್ಚಿ ಇಟ್ಟದ್ದು. ನಾನು ಬೋಲ್ಟು ಬಿಗಿಯುವ ಪಾನಾ ಹುಡುಕಲು ಅಂಗಡಿಯೊಳಗೆ ಓಡಿದೆ. ಬಾಯಿಯವರು ಆಗಲೇ ಎಂಜಿನ್ನು ಚಾಲೂ ಮಾಡಿದ್ದರು.

"ಸೀಟಿಗೆ ಬೆಂಕಿ ಹಚ್ಚರಿ! ಹತ್ತರಿ ಒಳಗ!"

ಹೆಂಡತಿಯ ತಮ್ಮನನ್ನು ಮುಂದೆ ಕೂರಿಸಿ, ಹಿಂದೆ ಸೀಟಿಲ್ಲದ ತಗಡಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು ನಾನು ಅಗರಖೇಡಕ್ಕೆ ಹೋದೆ. ಹೋದ ಸಲ ಕಾರು ನಿಂತಿದ್ದ ಜಾಗ ಬಂದಾಗ ಕಣ್ಣು ಮುಚ್ಚಿದೆ. ಆಡು ಜಾಡಿನೊಳಗೆ ಇಳಿಯಲಿಲ್ಲ. ಬಾಯಿಯವರು ಒಂದು ಬದಿಯ ಗಾಲಿಗಳನ್ನು ನಡುವಿನ ದಿಬ್ಬದ ಮೇಲೆ, ಇನ್ನೊಂದು ಬದಿಯವನ್ನು ಹೊಲದ ಅಂಚಿನ ಮೇಲೆ ಇಟ್ಟು ಓಡಿಸಿದರು.

ಒಳಗೆ ಹೋಗಿ ಹೆಂಡತಿಯನ್ನು ನೋಡಿ ಹೊರಬಂದಾಗ ಅವರ ದನಿ ಸಣ್ಣದಾಗಿತ್ತು.

"ಕೂಸು ಅಡ್ಡ ಐತಿ. ಇಲ್ಲಿ ಆಗಂಗಿಲ್ಲ, ಇಂಡ್ಯಾಗೂ ಆಗಂಗಿಲ್ಲ. ವಿಜಾಪುರದಾಗ ಆಪರೇಷನ್ ಆಗಬೇಕು. ಕೌದಿ ತರ್ರಿ, ಮನ್ಯಾಗ ಇದ್ದಬಿದ್ದ ಕೌದಿ ಎಲ್ಲಾ."

ಸೀಟು ಇದ್ದಿದ್ದರೆ ಅವಳು ಅದರ ಮೇಲೆ ಕೂರಬೇಕಾಗುತ್ತಿತ್ತು, ಕೂರುವ ಸ್ಥಿತಿ ಅವಳದಾಗಿರಲಿಲ್ಲ. ತಗಡಿನ ಮೇಲೆ ಕೌದಿಗಳನ್ನು ಹಾಸಿ, ಮುಂದಿನ ಸೀಟೊಂದನ್ನು ಪೂರಾ ಮುಂದಕ್ಕೆ ಬಾಗಿಸಿ, ಅವಳನ್ನು ಓರೆಯಾಗಿ ಮಲಗಿಸಿದೆವು. ಎಡಮಗ್ಗುಲಿಗೆ, ಬಾಯಿಯವರು ಹೇಳಿದ ಹಾಗೆ. ರೇಸಿಗೆಂದು ಬಿಚ್ಚಿದ ಜಾಗವೇ ಅವಳಿಗೆ ಮಂಚವಾಯಿತು. ಇದನ್ನು ನಾನು ಆ ಹೊತ್ತಿನಲ್ಲಿ ಯೋಚಿಸಲಿಲ್ಲ, ಆಮೇಲೆ ಬಹಳ ಸಲ ಯೋಚಿಸಿದ್ದೇನೆ.

ನಾನು ಅವಳ ತಲೆಯ ಬಳಿ ಮೊಣಕಾಲೂರಿದ್ದೆ. ದಾರಿಯ ಮೇಲೆ ಬಾಯಿಯವರು ಆಡಿದ ಮಾತು ಒಂದೇ, ಹಿಂದೆ ತಿರುಗದೆ:

"ಗಡಿಯಾರದವರ, ತಾಟಿನ್ಯಾಗ ಲಿಂಬಿ ಐತಿ."

ನಾನು ಅವಳ ತಲೆಯನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡೆ. ಡಾಂಬರು ರಸ್ತೆಗೆ ಬಂದ ಮೇಲೆ ಆಡು ಹೋದ ಹಾಗೆ ಯಾವ ಕಾರೂ ಹೋದದ್ದನ್ನು ನಾನು ಕಂಡಿಲ್ಲ. ತಿರುವುಗಳಲ್ಲಿ ಕೌದಿ ಸರಿಯಲಿಲ್ಲ. ಲಾರಿಗಳನ್ನು ದಾಟುವಾಗಲೂ ಜೋಲಿಯಿಲ್ಲ. ನನ್ನ ಕಣ್ಣಿಗೆ ಕಾಣುತ್ತಿದ್ದದ್ದು ಅವರ ಬಲಗಾಲು ಮಾತ್ರ. ಆ ಬರಿಗಾಲು ಪೆಡಲನ್ನು ಒತ್ತುತ್ತಿರಲಿಲ್ಲ, ಸವರುತ್ತಿತ್ತು.

ಮಗಳು ಹುಟ್ಟಿದಳು. ತಾಯಿ ಮಗಳು ಇಬ್ಬರೂ ಉಳಿದರು. ಬಾಯಿಯವರು ಆಸ್ಪತ್ರೆಯ ಅಂಗಳದಲ್ಲಿ ಒಂಟಿ ಚಪ್ಪಲಿಯಲ್ಲಿ ಅಡ್ಡಾಡುತ್ತಿದ್ದರು.

"ನಿಮ್ಮ ರೇಸ್ ತಪ್ಪಿತ್ರಿ" ಎಂದೆ.

"ತಪ್ಪಿಲ್ಲ, ಇವತ್ತ ನಾನ ಮೊದಲ ಬಂದೇನಿ" ಎಂದರು. ನಂತರ ಮುಖ ಆಚೆ ತಿರುಗಿಸಿ, "ಹೋದ ವರ್ಷ ಬರಬೇಕಾಗಿತ್ತು" ಎಂದರು.

ಆ ದಶಕ ಮುಗಿಯುವ ಮೊದಲೇ ಬಾಯಿಯವರು ತೀರಿಹೋದರು. ರಕ್ತದ ಕಾಯಿಲೆ. ಅವರಿಗೆ ಮೊದಲೇ ಗೊತ್ತಿತ್ತು, ಯಾರಿಗೂ ಹೇಳದೆ ಕೊನೆಯ ತಿಂಗಳವರೆಗೂ ಹಳ್ಳಿ ತಿರುಗಿದರು. ಕಣ್ಣು ಮುಚ್ಚಿದ್ದು ವಿಜಾಪುರದಲ್ಲಿ. ಧಾರವಾಡದಿಂದ ಅಣ್ಣ ಬಂದಿದ್ದರು. ಇಂಡಿಯಲ್ಲೇ ಮಣ್ಣು ಮಾಡಬೇಕೆಂಬುದು ಬಾಯಿಯವರ ಇಚ್ಛೆಯಾಗಿತ್ತು. ಬಾಡಿಗೆ ವ್ಯಾನು ತರುತ್ತೇವೆಂದು ಜನ ಹೇಳಿದರು. ನಾನು ಬೇಡವೆಂದೆ. ಪಾನಾ ತಂದು, ಆಸ್ಪತ್ರೆಯ ಅಂಗಳದಲ್ಲೇ ನಿಂತಿದ್ದ ಆಡಿನ ಹಿಂದಿನ ಸೀಟು ಬಿಚ್ಚಿದೆ. ಹೆಂಡತಿ ಮನೆಯಿಂದ ಕಳಿಸಿದ್ದ ಕೌದಿ ಹಾಸಿದೆ. ಅವರನ್ನು ಓರೆಯಾಗಿ ಮಲಗಿಸಿದೆವು. ನಾನು ತಲೆಯ ಬಳಿ ಕೂತೆ.

ಅಣ್ಣ ಸ್ಟಿಯರಿಂಗ್ ಮುಂದೆ ಕೂತು, ಬಲಗಾಲಿನ ಚಪ್ಪಲಿ ಬಿಚ್ಚಿ ಸೀಟಿನ ಕೆಳಗೆ ತಳ್ಳಿದರು. ಅದು ಅಲ್ಲಿದ್ದ ಇನ್ನೊಂದು ಚಪ್ಪಲಿಗೆ ತಾಗಿತು. ಅವರು ಬಗ್ಗಿ ನೋಡಿದರು, ಅದನ್ನು ಮುಟ್ಟಲಿಲ್ಲ. ಕಾರನ್ನು ಬಹಳ ಬಿರುಸಾಗಿ ಬಿಟ್ಟರು. ಅಳು ತಡೆಯಲು ಬೇರೆ ದಾರಿ ಅವರಿಗೆ ತಿಳಿದಿರಲಿಲ್ಲವೆಂದು ಕಾಣುತ್ತದೆ. ಮೊದಲ ತಿರುವಿನಲ್ಲೇ ಕೌದಿ ಸರಿಯಿತು. ನಾನು ಎರಡೂ ಕೈಯಿಂದ ಆ ತಲೆಯನ್ನು ಹಿಡಿದುಕೊಂಡು ಹೇಳಿದೆ:

"ಅಣ್ಣಾರ, ತಾಟಿನ್ಯಾಗ ಲಿಂಬಿ ಐತ್ರಿ."

ಅವರಿಗೆ ಆ ಮಾತು ತಿಳಿಯುವ ಕಾರಣವಿರಲಿಲ್ಲ. ಕನ್ನಡಿಯಲ್ಲಿ ನನ್ನನ್ನೊಮ್ಮೆ ನೋಡಿದರು. ಬರಿಗಾಲು ಪೆಡಲಿನಿಂದ ಮೆಲ್ಲಗೆ ಮೇಲೆದ್ದಿತು. ಅಲ್ಲಿಂದ ಇಂಡಿಯವರೆಗೆ ಕೌದಿ ಅಲುಗಲಿಲ್ಲ.