ಮಾಪುವಾನಾ ಸಡಿಲಿಸದೆ ಬಿಟ್ಟ ತಂತಿ

ಜಗಲಿಯಲ್ಲಿ, ಬಾಗಿಲ ಪಕ್ಕದ ಗೋಡೆಗೆ ತೂಗುಹಾಕಿದ್ದ ಗಿಟಾರು ತಾನಾಗಿಯೇ ದನಿ ಮಾಡಿತು. ಯಾರೂ ಅದನ್ನು ಮುಟ್ಟಿರಲಿಲ್ಲ.

ಬೆಳಗಿನ ಒಂಬತ್ತರ ಬಿಸಿಲು. ಪಕ್ಕದ ಮನೆಯವಳಾದ ನಾನು ಮಾಪುವಾನಾಳ ಮೆಟ್ಟಿಲ ಮೇಲೆ ಕೂತು ಒಣಹಾಕುವುದಕ್ಕೆ ಓಪೆಲು ಮೀನು ಸೀಳುತ್ತಿದ್ದೆ. ಮಾಪುವಾನಾ ಜಗಲಿಯಲ್ಲಿ ಕೇದಗೆಯ ಗರಿಯಿಂದ ಟೊಪ್ಪಿ ಹೆಣೆಯುತ್ತಿದ್ದಳು. ದನಿ ಕೇಳಿದ್ದೇ ಅವಳ ಕೈ ನಿಂತಿತು. ದೊಡ್ಡ ಪ್ರಾಣಿಯೊಂದು ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗಿತ್ತು ಅದು. ಮೊದಲು ಮಂದ್ರದ ದಪ್ಪ ತಂತಿ, ಆಮೇಲೆ ಅದರ ಹಿಂದೆಯೇ ಮಿಕ್ಕ ಐದೂ.

"ಕೇಳಿಸ್ತಾ?" ಎಂದಳು.

ಕೇಳಿಸಿತ್ತು. ಅವಳ ಮುಖದಲ್ಲಿ ಅಂಥ ಸಂತೋಷವನ್ನು ನಾನು ಅದುವರೆಗೆ ನೋಡಿರಲಿಲ್ಲ.

ಅರವತ್ತು ದಾಟಿದ ಹೆಂಗಸು. ಮದುವೆಯಾಗಲಿಲ್ಲ. ಗಿಟಾರನ್ನೇ ಕಟ್ಟಿಕೊಂಡಿದ್ದಾಳೆ, ಅದಕ್ಕೆ ಅಡುಗೆ ಮಾಡಿ ಹಾಕುವ ಕಷ್ಟವಿಲ್ಲ ಎಂದು ಊರಿನ ಗಂಡಸರು ನಗುತ್ತಿದ್ದರು. ಅವಳ ಟೊಪ್ಪಿಗಳನ್ನು ಮಾತ್ರ ದೂರದ ದ್ವೀಪಗಳಿಂದಲೂ ಬಂದು ಒಯ್ಯುತ್ತಿದ್ದರು. ಟೊಪ್ಪಿಯಿಂದ ಹೊಟ್ಟೆ ತುಂಬುತ್ತಿತ್ತು. ಇಪ್ಪತ್ತೆರಡು ವರ್ಷಗಳ ಉಳಿದ ಹೊತ್ತೆಲ್ಲ ಅಪ್ಪನ ಶ್ರುತಿಯನ್ನು ಹುಡುಕುವುದರಲ್ಲಿ ಹೋಗಿತ್ತು.

ನಮ್ಮ ಕರಾವಳಿಯಲ್ಲಿ ಗಿಟಾರಿನ ಶ್ರುತಿ ಒಂದೊಂದು ಮನೆತನದ ಸ್ವತ್ತು. ತಂತಿಗಳನ್ನು ಸಡಿಲಿಸಿ, ಬೆರಳೊತ್ತದೆ ಮೀಟಿದರೂ ರಾಗ ಹುಟ್ಟುವ ಹಾಗೆ ಕೂಡಿಸಿಕೊಳ್ಳುತ್ತೇವೆ. ಬಾರಿಸಿ ಮುಗಿಸಿದವರು ಗಿಟಾರನ್ನು ಕೆಳಗಿಡುವ ಮುಂಚೆ ಬಿರಡೆಗಳನ್ನೆಲ್ಲ ತಿರುಗಿಸಿ ಶ್ರುತಿಯನ್ನು ಅಳಿಸಿಬಿಡಬೇಕು. ಬಂದವರು ಕದ್ದು ಕಲಿಯಬಾರದು. ಅಳಿಯನೂ ಕಲಿಯಬಾರದು.

ಮಾಪುವಾನಾಳ ಅಪ್ಪ ಕಿಮೊಕೆಯೋ ಮಗಳಿಗೂ ಹೇಳಿಕೊಡದೆ ಸತ್ತ. ಬೇರೆ ಮನೆಗಳ ಶ್ರುತಿ ಸ, ಗ, ಪ ಎಂದು ಮನೆಗೆ ಬಂದು ಕಾಲು ಚಾಚಿ ಕೂರುತ್ತದೆ. ಅವನದು ಕೂರುತ್ತಲೇ ಇರಲಿಲ್ಲ. ಮೇಲೊಂದು ನಿಷಾದ, ಅದರಾಚೆಗೆ ಇನ್ನೇನೋ ಒಂದು. ಆ ಇನ್ನೇನೋ ಮೇಲಿನ ರಿಷಭ ಎಂದು ಗೊತ್ತಾಗುವುದಕ್ಕೆ ಅವಳಿಗೆ ಹದಿನಾಲ್ಕು ವರ್ಷ ಹಿಡಿಯಿತು. ಅದೂ ಬಿರಡೆ ಜಾರಿ ತಂತಿ ತಾನಾಗಿ ಇಳಿದ ಒಂದು ಮಧ್ಯಾಹ್ನ. ಸ್ವರಗಳ ನಡುವಿನ ದೂರ ಸಿಕ್ಕಿತು, ಎತ್ತರ ಸಿಗಲಿಲ್ಲ. ಷಡ್ಜವನ್ನು ಎಲ್ಲಿ ಹಿಡಿಯಬೇಕು? ಇಳಿಸುತ್ತ ಹೋದರೆ ತಂತಿ ಸೋತು ಮರಕ್ಕೆ ಬಡಿಯುತ್ತಿತ್ತು. ಇನ್ನೂ ದಪ್ಪನೆಯದನ್ನು ತರಿಸಿ ಹಾಕಿದಳು.

ಅಪ್ಪ ಶ್ರುತಿ ಕೂಡಿಸುವಾಗ ಜಗಲಿಯ ಅಂಚಿಗೆ ಹೋಗಿ, ತಲೆ ಬಾಗಿಸಿ, ತುಸು ಹೊತ್ತು ಸುಮ್ಮನೆ ನಿಲ್ಲುತ್ತಿದ್ದ. ಪ್ರಾರ್ಥನೆ ಎಂದೇ ಎಲ್ಲರೂ ತಿಳಿದಿದ್ದರು. ನಿನ್ನೆ ಸಂಜೆ ಮಾಪುವಾನಾ ಸುಮ್ಮನೆ ಹಾಗೆಯೇ ನಿಂತು ನೋಡಿದಳಂತೆ. ಮನೆಯ ಕೆಳಗೆ, ಲಾವಾ ಹೆಪ್ಪುಗಟ್ಟಿದ ಕಪ್ಪು ಬಂಡೆಯಲ್ಲಿ ಒಂದು ಬಿಲವಿದೆ. ಅಲೆ ಒಳಹೊಕ್ಕಾಗ ಅದು ಉಸಿರು ಬಿಡುತ್ತದೆ. ಹುಟ್ಟಿದಾಗಿನಿಂದ ಕೇಳಿ ಕೇಳಿ ಕಿವಿಗೆ ಬೀಳದೆ ಹೋಗಿದ್ದ ಆ ಉಸಿರನ್ನೇ ಷಡ್ಜ ಮಾಡಿಕೊಂಡು ತಂತಿ ಇಳಿಸಿದಳು. ಆರೂ ತಂತಿ ಒಟ್ಟಿಗೆ ಮೀಟಿದಳು. ಅಪ್ಪ ಕೆಮ್ಮಿಕೊಂಡು ಒಳಗೆ ಬಂದ ಹಾಗಾಯಿತಂತೆ.

ಮತ್ತೆ ಕಳೆದುಹೋದೀತೆಂಬ ಹೆದರಿಕೆಯಿಂದ, ಜನ್ಮದಲ್ಲಿ ಮೊದಲ ಬಾರಿಗೆ, ಸಡಿಲಿಸದೆ ಮೊಳೆಗೆ ತೂಗುಹಾಕಿದಳು.

ಗಿಟಾರು ಮತ್ತೊಮ್ಮೆ ದನಿ ಮಾಡಿತು.

ಒಳಗಿನಿಂದ ಹಲಿಯಾಕಾ ಅತ್ತೆ ಕೋಲೂರಿಕೊಂಡು ಬಂದಳು. ಕಿಮೊಕೆಯೋನ ತಂಗಿ, ಎಂಬತ್ತು ದಾಟಿದವಳು. "ಏ ಹುಡುಗಿ, ಸಡಿಲಿಸದೆ ಇಟ್ಟಿದ್ದೀಯಲ್ಲ. ಬುದ್ಧಿ ಎಲ್ಲಿ, ಟೊಪ್ಪಿ ಒಳಗೆ ಹೆಣೆದುಬಿಟ್ಯಾ? ಹೊನೊಲುಲುವಿನವನು ಇವತ್ತು ಬರ್ತಾನೆ."

ಹಳೆಯ ಶ್ರುತಿಗಳನ್ನು ಯಂತ್ರದಲ್ಲಿ ಹಿಡಿದುಕೊಂಡು ಹೋಗುವವನೊಬ್ಬ ಬರುವುದಿತ್ತು.

"ಬರಲಿ ಅತ್ತೆ. ಕೇಳಿ, ಅಪ್ಪಂದೇ ಇದು."

"ಅದಕ್ಕೇ ಸಡಿಲಿಸು ಅಂದಿದ್ದು."

"ನೀವು ಮುಟ್ಟಿದ್ರಾ ಅದನ್ನ?"

"ನಾನ್ಯಾಕೆ ಮುಟ್ಟಲಿ. ಗಾಳಿಗೆ ಕೂಗ್ತಿದೆ."

"ಗಾಳಿ ಎಲ್ಲಿದೆ?"

ಎಲ್ಲಿಯೂ ಇರಲಿಲ್ಲ. ಮೀನಿಗೆ ಮುಚ್ಚಿದ್ದ ಬಲೆ ಅಲುಗದೆ ನಿಂತಿತ್ತು. ತೆಂಗಿನ ಗರಿಗಳು ಜೋತುಬಿದ್ದಿದ್ದವು. ಸಮುದ್ರ ಎಣ್ಣೆ ಸವರಿದ ಹಾಗೆ ನುಣ್ಣಗಿತ್ತು. ನಾನು ಕೈ ಒರೆಸಿಕೊಂಡು ಹೋಗಿ ಗಿಟಾರಿನ ಬೆನ್ನಿಗೆ ಅಂಗೈ ಇಟ್ಟೆ. ಮರ ನಡುಗುತ್ತಿತ್ತು. ನಿಂತಿತು. ಹತ್ತು ಎಣಿಸುವಷ್ಟರಲ್ಲಿ ಮತ್ತೆ ನಡುಗಿತು. ಕೆಳಗೆ ಬಂಡೆಯ ಬಿಲ ಎಂದಿಗಿಂತ ಉದ್ದವಾಗಿ ಉಸಿರೆಳೆದುಕೊಳ್ಳುತ್ತಿತ್ತು.

ಮಾಪುವಾನಾಳ ಸಂತೋಷ ಮುಖದಿಂದ ಇಳಿದುಹೋಗುವುದನ್ನು ನಾನು ನೋಡಿದೆ.

"ಅವತ್ತೂ ಕೂಗಿತ್ತು," ಎಂದಳು.

"ಯಾವತ್ತು?"

"ಅಪ್ಪ ಹೋದ ದಿವಸ. ಹಿಂಗೇ, ಇದೇ ಮೊಳೆ ಮೇಲೆ. ಅಪ್ಪ ಮನೇಲಿದ್ದಾಗ ರಾತ್ರಿ ಮಾತ್ರ ಸಡಿಲಿಸ್ತಿದ್ದ, ಹಗಲೆಲ್ಲ ಹಂಗೇ ಬಿಡ್ತಿದ್ದ, ನಮ್ಮನ್ಯಾರನ್ನೂ ಮುಟ್ಟೋಕೆ ಬಿಡ್ತಿರಲಿಲ್ಲ. ಅವತ್ತು ಅದು ಒಂದು ಸಲ ಕೂಗ್ತು. ಅಷ್ಟರಲ್ಲಿ ನೀವು ಬಂದು, ಪೇಟೆಯವರು ಬರ್ತಿದ್ದಾರೆ ಅಣ್ಣಾ, ಸಡಿಲಿಸು ಅಂದ್ರಿ."

"ಹೌದು, ಅಂದೆ. ಅನ್ನಬೇಡ್ವಾ? ಮನೆತನದ್ದು."

"ಆರೂ ಬಿರಡೆ ತಿರುಗಿಸಿಬಿಟ್ಟು ದೋಣಿ ತಳ್ಳಿದ. ಸಮುದ್ರ ಇವತ್ತಿನ ಹಾಗೇ ಇತ್ತು, ನುಣ್ಣಗೆ."

ಆ ಮಧ್ಯಾಹ್ನ ಬಂದ ಅಲೆಗಳನ್ನು ನಾನೂ ಕಂಡಿದ್ದೆ. ಗಾಳಿಯಿಲ್ಲ, ಮೋಡವಿಲ್ಲ. ಎಲ್ಲೋ ಸಾವಿರ ಹರದಾರಿ ದೂರದ ಬಿರುಗಾಳಿ ತಳ್ಳಿದ ನೀರು ಒಂದರ ಹಿಂದೊಂದು ಎದ್ದು ಬಂದು ದೋಣಿಶಾಲೆಯನ್ನೇ ಎಳೆದುಕೊಂಡು ಹೋಗಿತ್ತು. ಕಿಮೊಕೆಯೋನ ದೋಣಿಯ ಒಂದು ಹುಟ್ಟು ಮಾತ್ರ ಸಿಕ್ಕಿತು.

"ಹಾಡಿಗೆ ಅಂತ ಅಲ್ಲ ಅತ್ತೆ ಅವನು ಈ ಶ್ರುತಿ ಕೂಡಿಸಿದ್ದು," ಮಾಪುವಾನಾ ನಿಧಾನವಾಗಿ ಹೇಳಿದಳು. "ಕಾವಲಿಗೆ ಇಟ್ಟುಕೊಂಡಿದ್ದ. ದೊಡ್ಡ ಅಲೆ ಬರೋ ಮುಂಚೆ ಬಿಲ ಉದ್ದ ಉಸಿರೆಳೆಯುತ್ತೆ, ಅದಕ್ಕೆ ಇದು ಕೂಗುತ್ತೆ. ಅವತ್ತು ಒಂದು ಸಲ ಕೂಗಿದ್ದನ್ನ ಅಪ್ಪ ಕೇಳಿಸಿಕೊಳ್ಳಲಿಲ್ಲವೋ ಏನೋ. ಎರಡನೇ ಸಲ ಕೂಗೋಕೆ ನಾವು ಬಿಡಲಿಲ್ಲ."

ಅತ್ತೆ ಕೋಲನ್ನು ಹಿಡಿದ ಕೈಯನ್ನು ಬದಲಿಸಿದಳು.

"ಎಲಿಯಾ ಎತ್ತ ಹೋದ?" ಮಾಪುವಾನಾ ಕೇಳಿದಳು. ಎಲಿಯಾ ಅವಳ ಒಬ್ಬನೇ ತಮ್ಮ. ಬೆಳಕು ಹರಿಯುವ ಮುಂಚೆ ಒಬ್ಬನೇ ದೋಣಿ ಇಳಿಸಿದ್ದ.

ನಾನು ಅವನನ್ನು ನೋಡಿದ್ದೆ. ಎತ್ತ ಎಂದು ಕೇಳಿರಲಿಲ್ಲ. ಮೀನಿಗೆ ಹೊರಟವನನ್ನು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಕೇಳಿದರೆ ಮೀನು ತಿಳಿದುಕೊಳ್ಳುತ್ತದೆ. ತೆಂಕಣಕ್ಕೋ ಬಡಗಣಕ್ಕೋ, ಈಗ ಊರಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

"ಕೇಳಬಾರದು ಅಂತ ನಿಂಗೊತ್ತಿಲ್ವಾ," ಎಂದಳು ಅತ್ತೆ. ದನಿ ಮೊದಲಿನಷ್ಟು ಗಟ್ಟಿಯಾಗಿರಲಿಲ್ಲ. "ಬರ್ತಾನೆ ಬಿಡು. ಮಧ್ಯಾಹ್ನದ ಊಟಕ್ಕೆ ಕೆಸುಗಡ್ಡೆ ಪೋಯಿ ಕಲಸಿಡು ಅಂದಿದ್ದಾನೆ."

ಲಾವಾ ಬಯಲಿನ ದಾರಿಯಲ್ಲಿ ಕೆಂಪು ದೂಳು ಎದ್ದಿತು. ಕಾರು. ಅತ್ತೆ ಥಟ್ಟನೆ ಚುರುಕಾದಳು, ಮಾಡಲು ಒಂದು ಕೆಲಸ ಸಿಕ್ಕಿದವಳ ಹಾಗೆ.

"ಅಗೋ, ಬಂದ. ತೆಗಿ ಅದನ್ನ, ಸಡಿಲಿಸು. ನಿನ್ನ ಕೈಲಾಗದಿದ್ರೆ ನಾನೇ..."

ಅತ್ತೆಯ ಬೆರಳು ಬಿರಡೆಗೆ ತಾಗುವ ಮೊದಲೇ ಮಾಪುವಾನಾ ಅವಳ ಮಣಿಕಟ್ಟನ್ನು ಹಿಡಿದಳು. ಒರಟಾಗಿ ಅಲ್ಲ, ಬಿಸಿ ಪಾತ್ರೆಯಿಂದ ಮಗುವಿನ ಕೈ ಸರಿಸುವ ಹಾಗೆ. ಆಮೇಲೆ ಗಿಟಾರಿನ ಪಕ್ಕದ ಗೂಡಿನಿಂದ, ದೋಣಿಗಳನ್ನು ದಡಕ್ಕೆ ಕರೆಯುವ ಅಪ್ಪನ ಶಂಖವನ್ನು ತೆಗೆದುಕೊಂಡಳು. ಅರೆ ಹೆಣೆದ ಟೊಪ್ಪಿ ಕಾಲಿಗೆ ಸಿಕ್ಕಿ ಉರುಳಿತು.

"ಈ ಬಿಸಿಲಲ್ಲಿ ಬಂಡೆ ಮೇಲೆ ನಿಂತು ಊದ್ತೀಯಾ? ಎತ್ತ ತಿರುಗಿ ಊದ್ತೀಯೇ?" ಅತ್ತೆ ಕೇಳಿದಳು. "ಅವನು ಬಂದು ಗೋಡೆ ಮೇಲಿರೋದು ಏನು ಶ್ರುತಿ ಅಂತ ಕೇಳಿದ್ರೆ ನಾನೇನು ಹೇಳಲಿ? ಇಷ್ಟು ವರ್ಷ ಕಾಪಾಡಿಕೊಂಡು ಬಂದಿದ್ದು, ನಿನ್ನ ಅಪ್ಪ ಇದ್ದಿದ್ರೆ, ಮಾಪುವಾನಾ, ನಿನ್ನ ಅಪ್ಪ ಇದ್ದಿದ್ರೆ ಈಗ..."

ಗಿಟಾರು ಕೂಗಿತು, ಈ ಸಲ ಎಂಟು ಎಣಿಸುವ ಮೊದಲೇ ಮತ್ತೊಮ್ಮೆ ಕೂಗಿತು. ಅತ್ತೆಯ ಮಾತು ಇನ್ನೂ ಮುಗಿದಿರಲಿಲ್ಲ. ಮಾಪುವಾನಾ ಮೆಟ್ಟಿಲಿಳಿದು, ನನ್ನ ಮೀನಿನ ಹಲಗೆಯನ್ನು ದಾಟಿಕೊಂಡು, ಬರಿಗಾಲಲ್ಲಿ ಕಪ್ಪು ಬಂಡೆಗಳ ಕಡೆಗೆ ನಡೆದುಬಿಟ್ಟಳು.